ಹೊತ್ತಿಗೆ ಹೊತ್ತ ಗಳಗನಾಥರು

ಕನ್ನಡ ಕಾದಂಬರಿಯ ಆರಂಭದ ದಿನಗಳನ್ನು ಕುರಿತು ಮಾತಾಡುವವರು ಗಳಗನಾಥರ ಬಗ್ಗೆ ಎರಡು ಸಂಗತಿಗಳನ್ನು ತಪ್ಪದೆ ಹೇಳುತ್ತಾರೆ. ಒಂದು, ಅವರು ಕನ್ನಡ ಕಾದಂಬರಿಯ ಪಿತಾಮಹರು ಎಂಬುದು. ಇನ್ನೊಂದು, ತಾವು ಬರೆದ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂಬುದು. ಮೊದಲನೆಯದನ್ನು ಗೌರವದಿಂದ ಹೇಳುತ್ತಾರೆ, ಎರಡನೆಯದನ್ನು ಕನಿಕರದಿಂದ. ಕನಿಕರವನ್ನು ಸ್ವಲ್ಪ ಬದಿಗಿಟ್ಟು ನೋಡಿದರೆ ಆ ಎರಡನೆಯ ಸಂಗತಿಯಲ್ಲಿ ಬೇರೊಂದು ಕಥೆಯೇ ಇದೆ. ತನ್ನ ಹೊತ್ತು, ತನ್ನ ದುಡ್ಡು, ತನ್ನ ಕಸುಬಿನ ಕಲಿಕೆ ಈ ಮೂರನ್ನೂ ತಾನೇ ನಿಭಾಯಿಸಬೇಕಾಗಿ ಬಂದ ಒಬ್ಬ ಕನ್ನಡ ಸಾಲಿ ಮಾಸ್ತರರ ಕಥೆ ಅದು.

ವೆಂಕಟೇಶ ತಿರಕೋ ಕುಲಕರ್ಣಿ ಅವರ ನಿಜನಾಮ. ಹುಟ್ಟಿದ್ದು 1869ರಲ್ಲಿ, ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ. ವರದಾ ನದಿ ತುಂಗಭದ್ರೆಯನ್ನು ಕೂಡುವ ಸ್ಥಳ ಅದು. ದಂಡೆಯಲ್ಲಿ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯಿದೆ. ಊರಿನ ಹೆಸರನ್ನೇ ಅವರು ಕಾವ್ಯನಾಮ ಮಾಡಿಕೊಂಡರು. ಈಗ ಊರಿಗಿಂತ ಅವರ ಹೆಸರೇ ಹೆಚ್ಚು ಜನರಿಗೆ ಗೊತ್ತು.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಅವರು ಮಾಸ್ತರರಾದರು. ಆ ಕಾಲದಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳೆಲ್ಲ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. (ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) ಕಚೇರಿಯಲ್ಲಿ ಇಂಗ್ಲಿಷು, ಓದಿದವರ ಮನೆಗಳಲ್ಲಿ ಮರಾಠಿ; ಕನ್ನಡಕ್ಕೆ ಉಳಿದದ್ದು ಹಳ್ಳಿಯ ಸಾಲಿ. ಹೀಗಾಗಿ ಆ ಭಾಗದಲ್ಲಿ ಕನ್ನಡ ಗದ್ಯವನ್ನು ಬೆಳೆಸಿದವರಲ್ಲಿ ಸಾಲಿ ಮಾಸ್ತರರೇ ಬಹಳ. ಅವರಿಗಾಗಿಯೇ ಧಾರವಾಡದಿಂದ 1860ರ ದಶಕದಲ್ಲಿ ‘ಮಠಪತ್ರಿಕೆ’ ಹೊರಟಿತು. ಮಠ ಎಂದರೆ ಇಲ್ಲಿ ಸ್ವಾಮಿಗಳ ಮಠವಲ್ಲ, ಸಾಲಿಮಠ. ಅದೇ ಮುಂದೆ ‘ಜೀವನ ಶಿಕ್ಷಣ’ ಎಂಬ ಹೆಸರಿನಲ್ಲಿ ಬಂತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿಕೊಂಡು, ಕನ್ನಡದಲ್ಲಿ ಬರೆಯುವವರಿಗೆ ಬಹುಮಾನ ಕೊಟ್ಟು ಹುರಿದುಂಬಿಸತೊಡಗಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ ಈ ವಾತಾವರಣದ ಕೂಸು.

ಆದರೆ ಕಾದಂಬರಿ ಬರೆಯುವುದನ್ನು ಯಾವ ಟ್ರೇನಿಂಗ್ ಕಾಲೇಜೂ ಕಲಿಸುತ್ತಿರಲಿಲ್ಲ. ಕನ್ನಡದಲ್ಲಿ ನೋಡಿ ಕಲಿಯಲು ಮಾದರಿಗಳೂ ಹೆಚ್ಚಿರಲಿಲ್ಲ. ಗಳಗನಾಥರು ಕಂಡುಕೊಂಡ ಗುರು ಪುಣೆಯಲ್ಲಿದ್ದರು. ಹರಿ ನಾರಾಯಣ ಆಪ್ಟೆ ಇವರಿಗಿಂತ ಐದೇ ವರ್ಷ ಹಿರಿಯರು. 1890ರಲ್ಲಿ ಆರಂಭವಾದ ‘ಕರಮಣೂಕ’ ಎಂಬ ವಾರಪತ್ರಿಕೆಯಲ್ಲಿ ಅವರ ಮರಾಠಿ ಕಾದಂಬರಿಗಳು ಕಂತುಕಂತಾಗಿ ಬರುತ್ತಿದ್ದವು. ಗಳಗನಾಥರು ಆಪ್ಟೆಯವರನ್ನು ಕನ್ನಡಕ್ಕೆ ತರುತ್ತ ತರುತ್ತ ಕಥೆ ಕಟ್ಟುವುದನ್ನು ಕಲಿತರು. ವಿಜಯನಗರದ ಪತನವನ್ನು ಕುರಿತ ಆಪ್ಟೆಯವರ ‘ವಜ್ರಾಘಾತ’ ಇವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ಹೆಸರು ಬದಲಾದದ್ದನ್ನು ಗಮನಿಸಬೇಕು. ಪುಣೆಯ ಲೇಖಕನಿಗೆ ಅದು ಒಂದು ಸಾಮ್ರಾಜ್ಯಕ್ಕೆ ಬಡಿದ ಸಿಡಿಲು. ಹಾವೇರಿಯ ಮಾಸ್ತರರಿಗೆ ಅದು ತನ್ನ ಜನರ ಹಣೆಬರಹ.

ಇದನ್ನು ಬರೀ ಅನುವಾದ ಎಂದು ತಳ್ಳಿಹಾಕುವ ವಿಮರ್ಶಕರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಬಡಗಿಯ ಮನೆಯ ಹುಡುಗ ಮೊದಲು ಇನ್ನೊಬ್ಬರ ಅಳತೆಗೇ ಕಟ್ಟಿಗೆ ಕೊರೆಯುತ್ತಾನೆ. ಗಳಗನಾಥರೂ ಹಾಗೆ ಕೊರೆದರು, ಒಂದೆರಡಲ್ಲ, ಹಲವಾರು ವರ್ಷ. ವಿದ್ಯಾರಣ್ಯರನ್ನೂ ವಿಜಯನಗರದ ಸ್ಥಾಪನೆಯನ್ನೂ ಕುರಿತ ಅವರ ಸ್ವತಂತ್ರ ಕೃತಿ ‘ಮಾಧವ ಕರುಣಾವಿಲಾಸ’ ಹೊರಬಂದದ್ದು 1923ರಲ್ಲಿ. ಆಗ ಅವರ ವಯಸ್ಸು 54. ಪತನವನ್ನು ಎರವಲು ತಂದು ಬರೆದವರು ಸ್ಥಾಪನೆಯನ್ನು ಸ್ವಂತವಾಗಿ ಬರೆದರು.

ಇಲ್ಲಿ ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು ನೆನಪಾಗುತ್ತಾರೆ. 1845ರಲ್ಲಿ ಹುಟ್ಟಿದ ಅವರೂ ತಮಗೆ ತಾವೇ ಕಲಿತವರು. ಬಂಗಾಳಿ ಭಾಷೆಯನ್ನು ಸ್ವಪ್ರಯತ್ನದಿಂದ ಕಲಿತು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು 1885ರಲ್ಲೇ ಕನ್ನಡಕ್ಕೆ ತಂದರು. ಆದರೆ ಅವರು ಮೈಸೂರು ಸರ್ಕಾರದ ಮುನ್ಸೀಫರು. ಬರೆವಣಿಗೆಯಿಂದ ಒಲೆ ಉರಿಯಬೇಕಾದ ಸ್ಥಿತಿ ಅವರದಲ್ಲ. ಸಾಲಿ ಮಾಸ್ತರರ ಸಂಬಳಕ್ಕೂ ಮುನ್ಸೀಫರ ಸಂಬಳಕ್ಕೂ ಇದ್ದ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಸ್ತರರು ಪುಸ್ತಕ ಅಚ್ಚು ಹಾಕಿಸಬೇಕೆಂದರೆ ಕಾಗದದ ದುಡ್ಡಿಗೇ ಯೋಚಿಸಬೇಕು.

ಆ ದುಡ್ಡಿಗೆ ಗಳಗನಾಥರು ಹುಡುಕಿದ ದಾರಿ ಮಾಸಪತ್ರಿಕೆ. ಹಾವೇರಿಗೆ ಸಮೀಪದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವಿತ್ತು. ಅವರ ಆಶ್ರಯದಲ್ಲಿ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಆರಂಭವಾಯಿತು. ಹೆಸರು ಕೇಳಿದರೆ ಬರೀ ವೇದಾಂತದ ಪತ್ರಿಕೆ ಎನಿಸುತ್ತದೆ. ಓದುಗರನ್ನು ತಿಂಗಳು ತಿಂಗಳು ಕಾಯುವಂತೆ ಮಾಡಿದ್ದು ಮಾತ್ರ ಅದರಲ್ಲಿ ಬರುತ್ತಿದ್ದ ಗಳಗನಾಥರ ಕಥೆ, ಕಾದಂಬರಿಗಳು. ಮುಂದೆ ಅವರು ‘ಸದ್ಗುರು’ ಎಂಬ ಇನ್ನೊಂದು ಪತ್ರಿಕೆಯನ್ನೂ ನಡೆಸಿದರು.

ಪತ್ರಿಕೆಯ ಲೆಕ್ಕಾಚಾರ ಪುಸ್ತಕದ ಲೆಕ್ಕಾಚಾರಕ್ಕೆ ತಿರುವುಮುರುವು. ಪುಸ್ತಕಕ್ಕೆ ಮೊದಲು ಹಣ ಸುರಿಯಬೇಕು. ಮಾರಿದ ಮೇಲೆ ವಾಪಸು, ಅದೂ ಮಾರಿದರೆ. ಪತ್ರಿಕೆಗೆ ಚಂದಾ ಮುಂಗಡವಾಗಿ ಬರುತ್ತದೆ. ಆ ಹಣದಲ್ಲೇ ಕಾಗದ ಕೊಳ್ಳಬಹುದು, ಅಚ್ಚಿನ ಖರ್ಚು ತೂಗಿಸಬಹುದು. ಓದುಗನೇ ಬಂಡವಾಳಗಾರ. ಸಾಹುಕಾರನ ಮನೆ ಬಾಗಿಲಿಗೆ ಹೋಗುವ ಕೆಲಸವಿಲ್ಲ.

ಇದು ಹಾವೇರಿಯಂಥ ಊರಿನಿಂದ ಸಾಧ್ಯವಾದದ್ದಕ್ಕೆ ಅಂಚೆ ಕಾರಣ, ರೈಲು ಕಾರಣ. ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವ ವಿ.ಪಿ. ವ್ಯವಸ್ಥೆ ನಮ್ಮ ದೇಶದಲ್ಲಿ 1877ರಲ್ಲಿ ಬಂತು, ಅಂಚೆಯ ಮನಿಯಾರ್ಡರ್ 1880ರಲ್ಲಿ. ಅದೇ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲುಹಾದಿ ಬಿದ್ದು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಿಗೆ ಸ್ಟೇಷನ್ನು ಬಂದವು. ಬ್ಯಾಡಗಿಯ ಮೆಣಸಿನಕಾಯಿ, ರಾಣೆಬೆನ್ನೂರಿನ ಅರಳೆಗೆ ದೂರದ ಪೇಟೆ ತೋರಿಸಿದ ಹಾದಿಯೇ ಒಂದು ಹಳ್ಳಿಯ ಪತ್ರಿಕೆಗೂ ಓದುಗರನ್ನು ಕೊಟ್ಟಿತು. ಚಂದ್ರಿಕೆಯ ಚಂದಾದಾರರು ಸಾವಿರಗಳ ಲೆಕ್ಕದಲ್ಲಿದ್ದರು. 1911ರ ಜನಗಣತಿಯ ಪ್ರಕಾರ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಆರು ಮಂದಿ ಎಂಬುದನ್ನು ನೆನೆದರೆ ಇದರ ತೂಕ ತಿಳಿದೀತು.

ಚಂದಾದಾರನಿಂದ ಹಣ ಪಡೆದ ಮೇಲೆ ಲೇಖಕನ ಹೊತ್ತು ಅವನ ಸ್ವಂತದ್ದಾಗಿ ಉಳಿಯುವುದಿಲ್ಲ. ಜ್ವರ ಬರಲಿ, ಮನೆಯಲ್ಲಿ ಮದುವೆಯಿರಲಿ, ತಿಂಗಳಿಗೊಮ್ಮೆ ಸಂಚಿಕೆ ಹೊರಡಲೇಬೇಕು. ಬರೆಯುವುದು, ಮೊಳೆ ಜೋಡಿಸಿ ಬಂದದ್ದರ ಕರಡು ತಿದ್ದುವುದು, ಚಂದಾ ಮುಗಿದವರಿಗೆ ಕಾಗದ ಹಾಕುವುದು, ಪುನಃ ಮುಂದಿನ ಕಂತು. ಗಳಗನಾಥರು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದರು, ಜೊತೆಗೆ ಪೌರಾಣಿಕ ಕಥೆಗಳು, ಪ್ರಬಂಧಗಳು. ಇಷ್ಟೊಂದು ಬರೆದದ್ದು ಸ್ಫೂರ್ತಿಯಿಂದಲೇ ಎನ್ನುವವರು ಹೇಳಿಕೊಳ್ಳಲಿ. ತಿಂಗಳ ಗಡುವಿನ ಪಾಲೂ ಅದರಲ್ಲಿ ದೊಡ್ಡದು. ಅವರ ಬರೆವಣಿಗೆಯಲ್ಲಿ ಅಲ್ಲಲ್ಲಿ ಕಾಣುವ ಉದ್ದುದ್ದ ಉಪದೇಶ, ಹೇಳಿದ್ದನ್ನೇ ಹೇಳುವ ಗುಣಗಳಿಗೂ ಆ ಗಡುವನ್ನು ಸ್ವಲ್ಪ ಹೊಣೆ ಮಾಡಬಹುದು. ತಿದ್ದಿ ಬರೆಯುವ ವ್ಯವಧಾನ ಗಡುವಿಗೆ ಸಿಕ್ಕಿದವನಿಗೆ ಎಲ್ಲಿಂದ ಬರಬೇಕು?

ಅಮೆರಿಕದಲ್ಲಿ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಕಾರ್ಖಾನೆಯ ಆಳುಗಳ ಕೆಲಸವನ್ನು ಗಡಿಯಾರ ಹಿಡಿದು ಅಳೆದು, ತನ್ನ ಪ್ರಸಿದ್ಧ ಗ್ರಂಥ ಪ್ರಕಟಿಸಿದ್ದು 1911ರಲ್ಲಿ; ಚಂದ್ರಿಕೆಗೆ ಆಗ ನಾಲ್ಕು ವರ್ಷ. ಈಗ ಕಚೇರಿಗಳಲ್ಲಿ ನಡೆಯುವ ‘ಟೈಮ್ ಮ್ಯಾನೇಜ್‌ಮೆಂಟ್’ ಶಿಬಿರಗಳ ಮೂಲವನ್ನು ಅಲ್ಲಿಗೇ ಒಯ್ಯುವುದು ವಾಡಿಕೆ. ಟೇಲರ್ ಅಳೆದದ್ದು ಬೇರೆಯವರ ಹೊತ್ತನ್ನು. ಕಾರ್ಖಾನೆಯಲ್ಲಿ ಯೋಜಿಸುವವನು ಒಬ್ಬ, ದುಡಿಯುವವನು ಇನ್ನೊಬ್ಬ. ಹಾವೇರಿಯಲ್ಲಿ ಯಜಮಾನನೂ ಆಳೂ ಒಬ್ಬರೇ. ಆಳು ದಣಿದಾಗ ಯಜಮಾನನಿಗೆ ರಜೆ ಕೇಳುವಂತಿರಲಿಲ್ಲ.

ಇನ್ನು ತಲೆಹೊರೆಯ ಮಾತು. ಪತ್ರಿಕೆಯಲ್ಲಿ ಬಂದದ್ದು ಪುಸ್ತಕವಾದರೆ ಅದು ಹಳೆಯ ಲೆಕ್ಕಕ್ಕೇ ಬಂದು ನಿಲ್ಲುತ್ತಿತ್ತು: ಮೊದಲು ಖರ್ಚು, ಆಮೇಲೆ ಮಾರಾಟ. ಬ್ಯಾಡಗಿಯ ಮೆಣಸಿನಕಾಯಿಗೆ ಪೇಟೆಯಿದೆ, ದಲಾಲರಿದ್ದಾರೆ. ಚೀಲ ಬಿಚ್ಚಿ ಬಣ್ಣ ತೋರಿಸಿದರೆ ಸಾಕು. ಕನ್ನಡ ಪುಸ್ತಕಕ್ಕೆ ಅಂಥ ಪೇಟೆಯೂ ಇರಲಿಲ್ಲ, ದಲಾಲರೂ ಇರಲಿಲ್ಲ. ಹಾಗಾಗಿ ಬರೆದವರೇ ಗಂಟು ಕಟ್ಟಿಕೊಂಡು ಹೊರಟರು. ಈ ತಿರುಗಾಟದಿಂದ ಕನ್ನಡಕ್ಕೆ ಲಾಭವಾಯಿತು, ಓದುವ ಚಟ ಹಳ್ಳಿಗಳಿಗೂ ಹಬ್ಬಿತು ಎಂದು ಹೊಗಳುತ್ತೇವೆ. ಅದು ನಿಜ. ಆದರೆ ಹೊರೆ ಹೊತ್ತು ನಡೆದ ಪ್ರತಿ ದಿನವೂ ಬರೆಯದೆ ಉಳಿದ ದಿನ ಎಂಬುದನ್ನು ಹೊಗಳುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಾವಲಂಬನೆ ಎಂಬ ಚೆಂದದ ಹೆಸರು ಕೊಟ್ಟು, ನಾಡು ಮಾಡಬೇಕಾದ ಕೆಲಸವನ್ನು ಒಬ್ಬ ಮನುಷ್ಯನ ಕುತ್ತಿಗೆಯ ಮೇಲೆ ಹೇರಿದ್ದನ್ನು ನಾವು ಮರೆತಿದ್ದೇವೆ. ಅವರ ಶಿಸ್ತನ್ನು ಮೆಚ್ಚುವುದು ಸುಲಭ. ಆ ಶಿಸ್ತು ಅಷ್ಟೊಂದು ಬೇಕಾದದ್ದು ಯಾಕೆ ಎಂದು ಕೇಳುವುದು ಅಷ್ಟು ಸುಲಭವಲ್ಲ.

ಮುಂಗಡ ಚಂದಾ ಪಡೆದು ಓದುಗರಿಂದಲೇ ಬಂಡವಾಳ ಎತ್ತುವ ಉಪಾಯ ಮಾತ್ರ ವ್ಯರ್ಥವಾಗಲಿಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಆರಂಭವಾದಾಗ ಅದೂ ಚಂದಾದಾರರನ್ನೇ ನಂಬಿತು. ವ್ಯತ್ಯಾಸ ಒಂದೇ: ಚಂದಾ ಎತ್ತುವುದು, ಅಚ್ಚು ಹಾಕಿಸುವುದು, ಗಂಟು ಕಟ್ಟಿ ಕಳಿಸುವುದು ಇವೆಲ್ಲ ಪ್ರಕಾಶಕರ ಪಾಲಿಗೆ ಬಂದವು. ಲೇಖಕ ಬರೆದು ಕೊಟ್ಟರೆ ಸಾಕಾಯಿತು. ಆ ವರ್ಷ ಗಳಗನಾಥರಿಗೆ 64. ಅವರು ತೀರಿಕೊಂಡದ್ದು 1942ರಲ್ಲಿ.