ಕೀಬೋರ್ಡಿನ ‘ಟಕ್ ಟಕ್’ಗೆ ನಾಲ್ಕು ಪಟ್ಟು ದುಡ್ಡು ಕೊಡಬೇಕೆ?

ಮೊಬೈಲಿನಲ್ಲಿ ಶಾಪಿಂಗ್ ಆ್ಯಪ್ ತೆರೆದು ಕೀಬೋರ್ಡ್ ಎಂದು ಹುಡುಕಿದರೆ ಎರಡು ಬಗೆಯವು ಕಾಣುತ್ತವೆ. ಒಂದು 500 ರೂಪಾಯಿಯ ಆಸುಪಾಸಿನದು. ಇನ್ನೊಂದು ಸುಮಾರು 2000ದಿಂದ ಶುರುವಾಗಿ 10,000 ದಾಟುವಂಥದ್ದು, ಅದರ ಹೆಸರಿನ ಜೊತೆ ‘ಮೆಕ್ಯಾನಿಕಲ್’ ಎಂದಿರುತ್ತದೆ. ಎರಡರಲ್ಲೂ ಅವೇ ಅಕ್ಷರ, ಅವೇ ಕೀಲಿಗಳು. ಹಾಗಿದ್ದರೆ ಹೆಚ್ಚಿನ ದುಡ್ಡು ಯಾವುದಕ್ಕೆ?

ಇದು ಬರೀ ಶೋಕಿಯ ಪ್ರಶ್ನೆಯಲ್ಲ. ಗ್ರಾಮ ಒನ್ ಕೇಂದ್ರ ನಡೆಸುವವರು, ತಾಲ್ಲೂಕು ಕಚೇರಿ ಎದುರು ಅರ್ಜಿ ಟೈಪ್ ಮಾಡಿಕೊಡುವವರು, ಡಿಟಿಪಿ ಅಂಗಡಿಯವರು, ಪಂಚಾಯಿತಿಯ ಡೇಟಾ ಎಂಟ್ರಿ ಆಪರೇಟರ್‌ಗಳು ದಿನವಿಡೀ ಕೀಲಿ ಒತ್ತಿಯೇ ಅನ್ನ ಸಂಪಾದಿಸುತ್ತಾರೆ. ಅವರ ಪಾಲಿಗೆ 2000 ರೂಪಾಯಿ ಸಣ್ಣ ಮೊತ್ತವಲ್ಲ. ಉತ್ತರ ಹುಡುಕಲು ನಾವು ಕೀಬೋರ್ಡಿನ ಇತಿಹಾಸಕ್ಕೆ ಹೋದೆವು. ಅಲ್ಲಿ ಕಂಡ ಮುಖ್ಯ ಸಂಗತಿ ಇಷ್ಟು: ಈಗ ನಾವು ‘ವಿಶೇಷ’ ಎನ್ನುವ ಮೆಕ್ಯಾನಿಕಲ್ ಕೀಬೋರ್ಡೇ ಒಂದು ಕಾಲಕ್ಕೆ ಎಲ್ಲರ ಮೇಜಿನ ಮೇಲಿತ್ತು. ‘ಸಾಧಾರಣ’ ಎನ್ನುವುದು ಬಂದದ್ದು ಆಮೇಲೆ, ಖರ್ಚು ಉಳಿಸಲು.

ಟೈಪ್‌ರೈಟರ್ ಕಲಿಸಿದ ಅಭ್ಯಾಸ

ಇಂದಿನ ಇಂಗ್ಲಿಷ್ ಕೀಲಿಗಳ ಜೋಡಣೆ ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಅವರ ಟೈಪ್‌ರೈಟರಿನಿಂದ ಬಂತು. ರೆಮಿಂಗ್ಟನ್ ಕಂಪನಿ ಅದನ್ನು 1874ರಲ್ಲಿ ಮಾರುಕಟ್ಟೆಗೆ ತಂದಿತು. ಕೀಲಿ ಒತ್ತಿದರೆ ಸನ್ನೆಗೋಲು ಎದ್ದು, ಲೋಹದ ಅಚ್ಚು ಕಾಗದಕ್ಕೆ ಬಡಿಯುತ್ತಿತ್ತು. ಅಕ್ಷರ ಬಿತ್ತೋ ಇಲ್ಲವೋ ಎಂದು ನೋಡಬೇಕಿರಲಿಲ್ಲ, ಬೆರಳಿಗೆ ಗೊತ್ತಾಗುತ್ತಿತ್ತು, ಕಿವಿಗೂ ಕೇಳುತ್ತಿತ್ತು.

ನಮ್ಮ ದೇಶದಲ್ಲಿ 1955ರಲ್ಲಿ ಗೋದ್ರೆಜ್ ಕಂಪನಿ ಇಲ್ಲೇ ತಯಾರಿಸಿದ ಟೈಪ್‌ರೈಟರ್ ಹೊರತಂದಿತು. ಕನ್ನಡದ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದವರು ಅನಂತಸುಬ್ಬರಾಯರು. ತಾಲ್ಲೂಕು ಕೇಂದ್ರಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಕಲಿತ ಹಿರಿಯರನ್ನು ಕೇಳಿ ನೋಡಿ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂತವರು ಕೀಲಿಯ ಕಡೆ ಕಣ್ಣು ಹಾಯಿಸುವಂತಿರಲಿಲ್ಲ. ಕಣ್ಣು ಕಾಗದದ ಮೇಲೆ, ಕೆಲಸವೆಲ್ಲ ಬೆರಳಿನದು.

ಮುಂದೆ ಕಂಪ್ಯೂಟರ್ ಬಂದಾಗ ಅದರ ಎದುರು ಕೂತವರು ಇಂಥ ಜನರೇ. ಕಂಪನಿಗಳು ಅವರ ಬೆರಳಿಗೆ ಒಗ್ಗುವ ಕೀಲಿ ಕೊಡಬೇಕಿತ್ತು.

ಪೆನ್ನಿನ ಸ್ಪ್ರಿಂಗಿನಂಥ ಉಪಾಯ

ಕಂಪ್ಯೂಟರ್ ಕೀಲಿಗೆ ಬಡಿಯಲು ಅಚ್ಚಿಲ್ಲ. ಒಂದು ಸಣ್ಣ ವಿದ್ಯುತ್ ಸಂಕೇತ ಹೋದರೆ ಸಾಕು. ಆದರೂ ಬೆರಳಿಗೆ ‘ಒತ್ತಿದೆ’ ಎಂದು ತಿಳಿಯಬೇಕಲ್ಲ? ಐಬಿಎಂ ಕಂಪನಿಯ ಎಂಜಿನಿಯರ್ ರಿಚರ್ಡ್ ಹಂಟರ್ ಹ್ಯಾರಿಸ್ 1970ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದರು. ಪೆನ್ನಿನ ಸ್ಪ್ರಿಂಗನ್ನು ಎರಡು ಬೆರಳ ನಡುವೆ ಅದುಮಿ ನೋಡಿ. ಸ್ವಲ್ಪ ಕುಗ್ಗಿ, ಆಮೇಲೆ ಪಕ್ಕನೆ ಒಂದು ಬದಿಗೆ ಬಾಗುತ್ತದೆ. ಪ್ರತಿ ಕೀಲಿಯ ಕೆಳಗೂ ಅಂಥದ್ದೇ ಸ್ಪ್ರಿಂಗ್ ಇಟ್ಟರು. ಅದು ಬಾಗಿದ ಕ್ಷಣದಲ್ಲೇ ‘ಟಕ್’ ಎನ್ನುತ್ತದೆ, ಅದೇ ಕ್ಷಣದಲ್ಲಿ ಸಂಕೇತವೂ ಹೋಗುತ್ತದೆ.

1981ರಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ಹೊರತಂದಾಗ ಅದರ ಜೊತೆ ಬಂದದ್ದು ಈ ಸ್ಪ್ರಿಂಗಿನ ‘ಮಾಡೆಲ್ ಎಫ್’ ಕೀಬೋರ್ಡ್. 1985ರ ಸುಮಾರಿಗೆ ‘ಮಾಡೆಲ್ ಎಂ’ ಬಂತು. ಅದರಲ್ಲಿ 101 ಕೀಲಿಗಳಿದ್ದವು. ಎಫ್1ರಿಂದ ಎಫ್12 ಮೇಲಿನ ಸಾಲಿನಲ್ಲಿ, ಬಾಣದ ಕೀಲಿಗಳು ಒಂದು ಕಡೆ, ಅಂಕಿಗಳು ಬಲಗಡೆ. ಇಂದಿಗೂ ದೊಡ್ಡ ಕೀಬೋರ್ಡುಗಳ ಜೋಡಣೆ ಹೆಚ್ಚುಕಡಿಮೆ ಅದೇ. ಅದರ ತೂಕ ಎರಡು ಕಿಲೋ ದಾಟುತ್ತಿತ್ತು. ಅಮೆರಿಕದಲ್ಲಿ ಅದು ತಯಾರಾಗುತ್ತಿದ್ದುದು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಕಾರ್ಖಾನೆಯಲ್ಲಿ, ಐಬಿಎಂ ಟೈಪ್‌ರೈಟರ್‌ಗಳು ತಯಾರಾಗುತ್ತಿದ್ದ ಜಾಗದಲ್ಲೇ.

1980ರ ದಶಕದಲ್ಲೇ ಚೆರ್ರಿ ಎಂಬ ಕಂಪನಿ ಜರ್ಮನಿಯಲ್ಲಿ ‘ಎಂಎಕ್ಸ್’ ಎಂಬ ಬಿಡಿ ಸ್ವಿಚ್ ತಯಾರಿಸಿತು. ಪ್ರತಿ ಕೀಲಿಗೂ ಒಂದು ಪುಟ್ಟ ಡಬ್ಬಿ, ಅದರೊಳಗೆ ಒಂದು ಸ್ಪ್ರಿಂಗ್, ಮೇಲೆ ಕೆಳಗೆ ಜಾರುವ ಒಂದು ತುಂಡು, ಎರಡು ಲೋಹದ ಪಟ್ಟಿ. ಇಂದು ಮಾರುಕಟ್ಟೆಯಲ್ಲಿರುವ ಬಹುಪಾಲು ಮೆಕ್ಯಾನಿಕಲ್ ಕೀಬೋರ್ಡುಗಳ ಸ್ವಿಚ್ ಈ ಮಾದರಿಯದ್ದೇ.

ರಬ್ಬರ್ ಬಂದದ್ದು ಯಾಕೆ?

ಅಗ್ಗದ ಕೀಲಿ ಮಾಡುವ ಪ್ರಯತ್ನ ಆಗಲೇ ನಡೆದಿತ್ತು. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಂ ಎಂಬ ಮನೆಬಳಕೆಯ ಕಂಪ್ಯೂಟರಿಗೆ ರಬ್ಬರ್ ಕೀಲಿಗಳಿದ್ದವು. ಬೆಲೆ ಕಡಿಮೆಯಿದ್ದ ಕಾರಣ ಜನ ಅದನ್ನು ಒಪ್ಪಿಕೊಂಡರು. ಐಬಿಎಂ ಕೂಡ 1983ರಲ್ಲಿ ‘ಪಿಸಿ ಜೂನಿಯರ್’ ಎಂಬ ಕಂಪ್ಯೂಟರ್ ಪ್ರಕಟಿಸಿ, ಅದಕ್ಕೆ ಚ್ಯೂಯಿಂಗ್ ಗಮ್ ತುಂಡಿನಂಥ ಬಿಡಿಬಿಡಿ ಕೀಲಿಗಳನ್ನು ಕೊಟ್ಟಿತು. ಜನ ನಕ್ಕರು. ಟೈಪ್ ಮಾಡಲಾಗದು ಎಂದು ದೂರಿದರು. ಮರುವರ್ಷವೇ ಕಂಪನಿ ಕೊಂಡವರಿಗೆಲ್ಲ ಬೇರೆ ಕೀಬೋರ್ಡನ್ನು ಪುಕ್ಕಟೆ ಕೊಡಬೇಕಾಯಿತು. ಕೀಲಿ ಚೆನ್ನಾಗಿಲ್ಲವೆಂದು ಗಿರಾಕಿ ಕಂಪ್ಯೂಟರನ್ನೇ ದೂರುತ್ತಿದ್ದ ಕಾಲ ಅದು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ಬದಲಾಯಿತು. 1981ರಲ್ಲಿ ಐಬಿಎಂ ಪಿಸಿಯ ಆರಂಭಿಕ ಬೆಲೆ 1565 ಡಾಲರ್. 1997ರ ಹೊತ್ತಿಗೆ 1000 ಡಾಲರಿಗಿಂತ ಕಡಿಮೆಗೆ ಅದಕ್ಕಿಂತ ಎಷ್ಟೋ ಬಲವಾದ ಕಂಪ್ಯೂಟರ್ ಸಿಗುತ್ತಿತ್ತು. ಬೆಲೆ ಇಳಿಸುವ ಪೈಪೋಟಿಯಲ್ಲಿ ಕಂಪನಿಗಳು ಕತ್ತರಿ ಹಾಕಿದ ಭಾಗಗಳಲ್ಲಿ ಕೀಬೋರ್ಡೂ ಒಂದು. ಪೆಟ್ಟಿಗೆಯ ಮೇಲೆ ಮೆಮೊರಿ, ವೇಗ ಎಲ್ಲ ಬರೆಯುತ್ತಾರೆ. ಕೀಲಿ ಹೇಗಿದೆ ಎಂದು ಯಾರೂ ಬರೆಯುವುದಿಲ್ಲ.

ಆಗ ಎಲ್ಲೆಡೆ ಹರಡಿದ್ದೇ ಇಂದಿನ ಸಾಧಾರಣ ಕೀಬೋರ್ಡ್. ಅದನ್ನು ಬಿಚ್ಚಿದರೆ ಒಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಯಲ್ಲಿ ವಿದ್ಯುತ್ ಹರಿಯುವ ಶಾಯಿಯಿಂದ ಗೆರೆ ಎಳೆದಿರುತ್ತಾರೆ. ನಡುವಿನ ಹಾಳೆಯಲ್ಲಿ ಕೀಲಿ ಇರುವಲ್ಲೆಲ್ಲ ತೂತು. ಮೇಲೆ ರಬ್ಬರಿನ ಪುಟ್ಟ ಗುಮ್ಮಟಗಳು. ಕೀಲಿ ಒತ್ತಿದರೆ ಗುಮ್ಮಟ ಕುಸಿದು ತೂತಿನ ಮೂಲಕ ಎರಡು ಹಾಳೆ ತಾಗುತ್ತವೆ. ನೂರು ಕೀಲಿಗೆ ನೂರು ಸ್ವಿಚ್ ಜೋಡಿಸುವ ಬದಲು ಒಂದೇ ಕಟ್ಟು ಇಟ್ಟರೆ ಮುಗಿಯಿತು. ಅಗ್ಗವಾಗಿರುವ ಗುಟ್ಟು ಇದೇ.

ಇಲ್ಲೊಂದು ತಮಾಷೆ ಇದೆ. ಜನ ಇಂದಿಗೂ ಕೊಂಡಾಡುವ ಮಾಡೆಲ್ ಎಂ ಕೀಬೋರ್ಡಿನ ಸ್ಪ್ರಿಂಗಿನ ಕೆಳಗೂ ಇಂಥ ಪ್ಲಾಸ್ಟಿಕ್ ಹಾಳೆಗಳೇ ಇದ್ದವು. ಹಳೆಯ ಮಾಡೆಲ್ ಎಫ್‌ಗಿಂತ ಅಗ್ಗವಾಗಲೆಂದು ಐಬಿಎಂ ಮಾಡಿದ ಉಳಿತಾಯ ಅದು. ಹಾಗಾಗಿ ‘ಹಾಳೆ ಇದ್ದರೆ ಕಳಪೆ’ ಎಂಬ ಮಾತು ಪೂರ್ತಿ ನಿಜವಲ್ಲ. ಬೆರಳಿಗೆ ತಿಳಿಯುವುದು ಹಾಳೆಯ ಮೇಲೆ ಏನಿದೆ ಎಂಬುದು: ಸ್ಪ್ರಿಂಗೋ, ರಬ್ಬರೋ.

ಲೆಕ್ಸಿಂಗ್ಟನ್ ಕಾರ್ಖಾನೆಯನ್ನು ಐಬಿಎಂ 1991ರಲ್ಲಿ ಲೆಕ್ಸ್‌ಮಾರ್ಕ್ ಎಂಬ ಹೊಸ ಕಂಪನಿಗೆ ಬಿಟ್ಟುಕೊಟ್ಟಿತು. 1996ರಲ್ಲಿ ಆ ಕಂಪನಿ ಕೀಬೋರ್ಡ್ ತಯಾರಿಕೆಯನ್ನೇ ಕೈಬಿಟ್ಟಿತು. ಅಲ್ಲಿ ದುಡಿಯುತ್ತಿದ್ದ ಕೆಲವರು ಸೇರಿ ಯೂನಿಕಾಂಪ್ ಎಂಬ ಸಣ್ಣ ಕಂಪನಿ ಕಟ್ಟಿ, ಅದೇ ಸ್ಪ್ರಿಂಗಿನ ಕೀಬೋರ್ಡ್ ಮಾಡುತ್ತಾ ಬಂದರು.

ಮರಳಿ ಬಂದ ಸ್ಪ್ರಿಂಗ್

2000ದ ನಂತರ ಎರಡು ಗುಂಪಿನ ಜನ ಹಳೆಯ ಕೀಲಿಯನ್ನು ಮತ್ತೆ ಹುಡುಕಿದರು. ಒಬ್ಬರು ದಿನವಿಡೀ ಪ್ರೋಗ್ರಾಂ ಬರೆಯುವವರು, ಇನ್ನೊಬ್ಬರು ಕಂಪ್ಯೂಟರ್ ಗೇಮ್ ಆಡುವವರು. ಚೆರ್ರಿ ಸ್ವಿಚ್ಚಿನ ಪೇಟೆಂಟ್ 2014ರ ಹೊತ್ತಿಗೆ ಮುಗಿದ ಮೇಲೆ ಕೈಲ್, ಗೇಟೆರಾನ್‌ನಂಥ ಚೀನಾದ ಕಂಪನಿಗಳು ಅದೇ ಅಳತೆಯ ಸ್ವಿಚ್ಚನ್ನು ಕಡಿಮೆ ಬೆಲೆಗೆ ಮಾಡಿ ರಾಶಿ ಹಾಕಿದವು. ನಮ್ಮಲ್ಲಿ ಇಂದು 2000 ರೂಪಾಯಿಗೆ ಮೆಕ್ಯಾನಿಕಲ್ ಕೀಬೋರ್ಡ್ ಸಿಗುವುದಕ್ಕೆ ಇದೇ ಮುಖ್ಯ ಕಾರಣ.

ಸ್ವಿಚ್ಚುಗಳಿಗೆ ಬಣ್ಣದ ಗುರುತಿರುತ್ತದೆ. ಕೆಂಪು ಅಂದರೆ ಸರಾಗವಾಗಿ ಇಳಿಯುವಂಥದ್ದು. ಕಂದು ಅಂದರೆ ನಡುವೆ ಬೆರಳಿಗೆ ಸಣ್ಣ ತಡೆ ಸಿಗುವಂಥದ್ದು. ನೀಲಿ ಅಂದರೆ ತಡೆಯ ಜೊತೆ ಸದ್ದೂ ಮಾಡುವಂಥದ್ದು.

ಕನ್ನಡದ ಬೆರಳಿಗೆ ಎಷ್ಟು ಕೆಲಸ?

ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಮೂಡುವಂತೆ ಜೋಡಣೆ ರೂಪಿಸಿದವರು ಕೆ.ಪಿ. ರಾವ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಿಂದ ಅದು ಕಚೇರಿ, ಅಂಗಡಿಗಳಿಗೆಲ್ಲ ತಲುಪಿತು. ಇದರಲ್ಲಿ ‘ಕನ್ನಡ’ ಎಂಬ ಮೂರಕ್ಷರ ಬರೆಯಲು ಐದು ಕೀಲಿ ಒತ್ತಬೇಕು: ಕ, ನ, ಒತ್ತಿನ ಕೀಲಿ, ನ, ಡ. ಒತ್ತಿನ ಕೀಲಿ ಇರುವುದು ಇಂಗ್ಲಿಷಿನ ‘ಎಫ್’ ಜಾಗದಲ್ಲಿ. ಅದೊಂದು ಸರಿಯಾಗಿ ಬೀಳದಿದ್ದರೆ ‘ಅಕ್ಕ’ ಹೋಗಿ ‘ಅಕಕ’ ಆಗುತ್ತದೆ. ಪಹಣಿಯ ಅರ್ಜಿಯಲ್ಲಿ ಹೆಸರು ತಪ್ಪಿದರೆ ರೈತ ಮತ್ತೆ ಕಚೇರಿ ಅಲೆಯಬೇಕು. ಒತ್ತಿದ್ದು ಬಿತ್ತೋ ಇಲ್ಲವೋ ಎಂದು ಬೆರಳಿಗೆ ತಿಳಿಯುವುದು ಇಲ್ಲಿ ಮುಖ್ಯವಾಗುತ್ತದೆ.

ಬಾಳಿಕೆಯ ಲೆಕ್ಕವನ್ನೂ ಹಾಕೋಣ. ರಬ್ಬರ್ ಕೀಲಿಗೆ ಸಾಮಾನ್ಯವಾಗಿ 50 ಲಕ್ಷದಿಂದ 1 ಕೋಟಿ ಒತ್ತು, ಮೆಕ್ಯಾನಿಕಲ್ ಕೀಲಿಗೆ 5 ಕೋಟಿ ಒತ್ತು ಎಂದು ತಯಾರಕರು ಹೇಳುತ್ತಾರೆ. ಒಬ್ಬ ಆಪರೇಟರ್ ದಿನಕ್ಕೆ 20,000 ಕೀಲಿ ಒತ್ತುತ್ತಾರೆ, ಅದರಲ್ಲಿ 2000 ಸಲ ಒತ್ತಿನ ಕೀಲಿ ಎಂದುಕೊಳ್ಳೋಣ. ವರ್ಷಕ್ಕೆ 300 ದಿನ ಕೆಲಸ ಮಾಡಿದರೆ ಆ ಒಂದು ಕೀಲಿಗೆ 6 ಲಕ್ಷ ಒತ್ತು. ರಬ್ಬರಿನದು 50 ಲಕ್ಷ ಮುಟ್ಟಲು 8 ವರ್ಷ ಬೇಕು. ಮೆಕ್ಯಾನಿಕಲ್‌ಗೆ 83 ವರ್ಷ!

ಅಂದರೆ ‘5 ಕೋಟಿ’ ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ನಮ್ಮ ಕಡೆ ಕೀಬೋರ್ಡ್ ಕೆಡುವುದು ಒತ್ತಿ ಒತ್ತಿ ಸವೆದಲ್ಲ. ದೂಳು ಕೂತು, ಟೀ ಚೆಲ್ಲಿ, ಇರುವೆ ಹೊಕ್ಕು, ವೈರು ಹರಿದು ಕೆಡುತ್ತದೆ. ಆದರೆ ಕೆಟ್ಟ ಮೇಲೆ ಏನು ಮಾಡಬಹುದು ಎಂಬಲ್ಲಿ ವ್ಯತ್ಯಾಸವಿದೆ. ಸಾಧಾರಣದ್ದರಲ್ಲಿ ಹಾಳೆಯ ಒಂದು ಗೆರೆ ಹೋದರೆ ಕೀಲಿಗಳ ಒಂದು ಸಾಲೇ ಸತ್ತು, ಇಡೀ ಕೀಬೋರ್ಡ್ ಗುಜರಿಗೆ ಹೋಗುತ್ತದೆ. ಮೆಕ್ಯಾನಿಕಲ್‌ನಲ್ಲಿ ಕೆಟ್ಟ ಒಂದು ಸ್ವಿಚ್ಚನ್ನಷ್ಟೇ ಬದಲಿಸಬಹುದು. ‘ಹಾಟ್ ಸ್ವಾಪ್’ ಎಂದು ಬರೆದಿದ್ದರೆ ಬೆಸುಗೆಯೂ ಬೇಡ, ಚಿಮಟದಿಂದ ಕಿತ್ತು ಹೊಸದನ್ನು ಸಿಕ್ಕಿಸಿದರೆ ಆಯಿತು.

ಹಾಗಾದರೆ ಕೊಳ್ಳಬೇಕೆ?

ನಮ್ಮ ಅಭಿಪ್ರಾಯ ಹೀಗಿದೆ. ದಿನಕ್ಕೆ ಅರ್ಧ ಗಂಟೆ ಟೈಪ್ ಮಾಡುವವರಿಗೆ, ಮಕ್ಕಳ ಶಾಲೆಯ ಕೆಲಸಕ್ಕೆ, ಇಂಟರ್ನೆಟ್ ನೋಡಲು 500 ರೂಪಾಯಿಯದ್ದೇ ಸಾಕು. ಉಳಿದ ದುಡ್ಡನ್ನು ಕಂಪ್ಯೂಟರಿನ ಮೆಮೊರಿಗೋ ಯುಪಿಎಸ್‌ಗೋ ಹಾಕುವುದು ಲೇಸು. ದೂಳು ಹೆಚ್ಚಿರುವ, ಹತ್ತು ಜನ ಕೈಯಾಡಿಸುವ ಜಾಗಕ್ಕೂ ಅಗ್ಗದ್ದೇ ವಾಸಿ.

ದಿನಕ್ಕೆ ಮೂರ್ನಾಲ್ಕು ಗಂಟೆಗಿಂತ ಹೆಚ್ಚು ಟೈಪ್ ಮಾಡಿ, ಪುಟಕ್ಕಿಷ್ಟು ಎಂದು ದುಡಿಯುವವರಿಗೆ 2000ದಿಂದ 3000 ರೂಪಾಯಿಯ ಮೆಕ್ಯಾನಿಕಲ್ ಕೀಬೋರ್ಡ್ ದಂಡವಲ್ಲ. ಅದಕ್ಕಿಂತ ಹೆಚ್ಚು ಕೊಟ್ಟರೆ ಬಹುಮಟ್ಟಿಗೆ ಸಿಗುವುದು ಬಣ್ಣದ ದೀಪ ಮತ್ತು ಅಂದ. ಮಣಿಕಟ್ಟಿನ ನೋವು ಇದರಿಂದ ಹೋಗುತ್ತದೆ ಎಂದು ಮಾತ್ರ ನಂಬಬೇಡಿ. ಅದಕ್ಕೆ ಕುರ್ಚಿ ಮತ್ತು ಮೇಜಿನ ಎತ್ತರ ಸರಿಯಾಗಬೇಕು, ನಡುನಡುವೆ ಬಿಡುವೂ ಬೇಕು.

ಕೊಳ್ಳುವುದಾದರೆ ನಾಲ್ಕು ಸಂಗತಿ ನೋಡಿ. ‘ಮೆಕ್ಯಾನಿಕಲ್ ಫೀಲ್’ ಎಂದು ಬರೆದಿದ್ದರೆ ಅದು ರಬ್ಬರಿನದೇ, ಬಿಟ್ಟುಬಿಡಿ. ‘ಹಾಟ್ ಸ್ವಾಪ್’ ಇದೆಯೇ ಕೇಳಿ. ವೈರು ಬಿಚ್ಚಿ ಬದಲಿಸುವಂತಿದ್ದರೆ ಒಳ್ಳೆಯದು. ಮನೆಯಲ್ಲಿ ರಾತ್ರಿ ಕೆಲಸ ಮಾಡುವವರು ನೀಲಿ ಬಿಟ್ಟು ಕಂದು ಸ್ವಿಚ್ ತೆಗೆದುಕೊಳ್ಳಿ, ಮಲಗಿದವರು ಎದ್ದು ಬೈಯುವುದು ತಪ್ಪುತ್ತದೆ. ಸಾಧ್ಯವಾದರೆ ಪೇಟೆಯ ಅಂಗಡಿಯಲ್ಲಿ ಕೂತು, ಕಣ್ಣು ಮುಚ್ಚಿ ನಿಮ್ಮ ಹೆಸರನ್ನು ಕನ್ನಡದಲ್ಲಿ ಹತ್ತು ಸಲ ಟೈಪ್ ಮಾಡಿ ನೋಡಿ. ತಪ್ಪು ಎಷ್ಟು ಬಿತ್ತು ಎಂದು ಎಣಿಸಿ, ಆಮೇಲೆ ದುಡ್ಡು ಕೊಡಿ.