ಹಿಪ್ ಛಾವಣಿ

ಹಿಪ್ ಛಾವಣಿ ಎಂದರೆ ಕಟ್ಟಡದ ನಾಲ್ಕೂ ಗೋಡೆಗಳ ಮೇಲಿನಿಂದ ಒಳಮುಖವಾಗಿ ಏರಿ ನೆತ್ತಿಯಲ್ಲಿ ಕೂಡುವ ಇಳಿಜಾರು ಛಾವಣಿ. ಎರಡೇ ಇಳಿಜಾರುಗಳಿರುವ ಛಾವಣಿಯಲ್ಲಿ ಕಟ್ಟಡದ ಎರಡು ತುದಿಗಳಲ್ಲಿ ತ್ರಿಕೋನಾಕಾರದ ಗೋಡೆ ಮೇಲೆದ್ದಿರುತ್ತದೆ. ಹಿಪ್ ಛಾವಣಿಯಲ್ಲಿ ಅಂತಹ ಗೋಡೆ ಇರುವುದಿಲ್ಲ. ಅದರ ಸ್ಥಾನವನ್ನು ಇನ್ನೊಂದು ಇಳಿಜಾರು ತುಂಬುತ್ತದೆ. ಆಯತಾಕಾರದ ಕಟ್ಟಡದ ಹಿಪ್ ಛಾವಣಿಯಲ್ಲಿ ಉದ್ದದ ಬದಿಯ ಎರಡು ಇಳಿಜಾರುಗಳು ತ್ರಾಪಿಜ್ಯದ ಆಕಾರದಲ್ಲೂ ತುದಿಗಳ ಎರಡು ಇಳಿಜಾರುಗಳು ಸಮದ್ವಿಬಾಹು ತ್ರಿಭುಜದ ಆಕಾರದಲ್ಲೂ ಇರುತ್ತವೆ. ಕಟ್ಟಡ ಚೌಕವಾಗಿದ್ದರೆ ನಾಲ್ಕೂ ಇಳಿಜಾರುಗಳು ಒಂದೇ ಬಿಂದುವಿನಲ್ಲಿ ಸೇರಿ ಪಿರಮಿಡ್ಡಿನ ಆಕಾರ ಉಂಟಾಗುತ್ತದೆ.

ಬಳಕೆ

ಹಿಪ್ ಛಾವಣಿಯು ಜಗತ್ತಿನ ಅನೇಕ ಕಟ್ಟಡ ಪರಂಪರೆಗಳಲ್ಲಿ ಕಂಡುಬರುತ್ತದೆ. ಚೀನಾದ ಸಾಂಪ್ರದಾಯಿಕ ವಾಸ್ತುಶಿಲ್ಪದಲ್ಲಿ ಇದು ಅತ್ಯುನ್ನತ ದರ್ಜೆಯ ಕಟ್ಟಡಗಳಿಗೆ ಮೀಸಲಾಗಿತ್ತು. ಬೀಜಿಂಗಿನ ನಿಷಿದ್ಧ ನಗರದ ಮುಖ್ಯ ಸಭಾಂಗಣಕ್ಕೆ ಎರಡು ಹಂತದ ಸೂರುಗಳುಳ್ಳ ಹಿಪ್ ಛಾವಣಿಯಿದೆ. ಭಾರೀ ಮಳೆ ಬೀಳುವ ಕರ್ನಾಟಕದ ಕರಾವಳಿ, ಮಲೆನಾಡು ಹಾಗೂ ಕೇರಳದಲ್ಲಿ ಮನೆ, ಶಾಲೆ, ದೇವಾಲಯಗಳಿಗೆ ನಾಲ್ಕೂ ಕಡೆ ಇಳಿಯುವ ಹೆಂಚಿನ ಛಾವಣಿಯನ್ನು ಕಟ್ಟುವ ರೂಢಿಯಿದೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚು ತಯಾರಿಕೆಯನ್ನು ಆರಂಭಿಸಿದ ಬಳಿಕ ಯಂತ್ರದಲ್ಲಿ ಒತ್ತಿದ ಮಂಗಳೂರು ಹೆಂಚಿನ ಬಳಕೆ ಈ ಪ್ರದೇಶದಲ್ಲಿ ವ್ಯಾಪಕವಾಯಿತು.

ನಾಲ್ಕೂ ಬದಿಗಳಲ್ಲಿ ಸೂರು ಇರುವುದರಿಂದ ಎಲ್ಲ ಗೋಡೆಗಳಿಗೂ ಮಳೆ ಮತ್ತು ಬಿಸಿಲಿನಿಂದ ರಕ್ಷಣೆ ದೊರೆಯುತ್ತದೆ. ಗಾಳಿಗೆ ನೇರವಾಗಿ ಎದುರಾಗುವ ತ್ರಿಕೋನ ಗೋಡೆ ಇಲ್ಲದ ಕಾರಣ ಬಿರುಗಾಳಿಯನ್ನು ಈ ಛಾವಣಿ ಹೆಚ್ಚು ಸಮರ್ಥವಾಗಿ ತಾಳಿಕೊಳ್ಳುತ್ತದೆ. ಮೂಲೆಗಳಲ್ಲಿ ಮರ ಮತ್ತು ಹೆಂಚನ್ನು ಓರೆಯಾಗಿ ಕತ್ತರಿಸಬೇಕಾದ್ದರಿಂದ ಕೆಲಸ ಹೆಚ್ಚು, ಸಾಮಗ್ರಿ ಹೆಚ್ಚು ವ್ಯರ್ಥವಾಗುತ್ತದೆ ಎಂಬುದು ಇದರ ಮುಖ್ಯ ಅನನುಕೂಲ.

ಭಾಗಗಳು

ರಾಫ್ಟರ್ ಎನ್ನಲಾಗುವ ಇಳಿಜಾರು ಮರವನ್ನು ಕರಾವಳಿ ಮತ್ತು ಮಲೆನಾಡಿನಲ್ಲಿ ಪಕ್ಕಾಸು ಎನ್ನುತ್ತಾರೆ. ಪಕ್ಕಾಸುಗಳ ಮೇಲೆ ಅಡ್ಡಲಾಗಿ ರೀಪುಗಳನ್ನು ಬಡಿದು ಅವುಗಳ ಮೇಲೆ ಹೆಂಚು ಹೊದಿಸಲಾಗುತ್ತದೆ. ಹಿಪ್ ಛಾವಣಿಯ ಮರದ ಚೌಕಟ್ಟಿನ ಮುಖ್ಯ ಭಾಗಗಳು ಹೀಗಿವೆ:

• ಗೋಡೆ ಪಟ್ಟಿ: ಗೋಡೆಯ ತಲೆಯ ಮೇಲೆ ಮಲಗಿಸಿದ ಮರ. ಪಕ್ಕಾಸುಗಳ ಕೆಳತುದಿ ಇದರ ಮೇಲೆ ಕೂರುತ್ತದೆ.
• ನೆತ್ತಿ ಹಲಗೆ: ಉದ್ದದ ಎರಡು ಇಳಿಜಾರುಗಳು ಕೂಡುವ ಸಮತಲ ರೇಖೆಯಲ್ಲಿರುವ ಮರ.
• ಸಾಮಾನ್ಯ ಪಕ್ಕಾಸು: ಗೋಡೆ ಪಟ್ಟಿಯಿಂದ ನೆತ್ತಿಯವರೆಗೆ, ಗೋಡೆಗೆ ಲಂಬವಾಗಿ ಏರುವ ಮರ.
• ಮೂಲೆ ಪಕ್ಕಾಸು: ಗೋಡೆಗಳ ಮೂಲೆಯಿಂದ ನೆತ್ತಿಯ ತುದಿಗೆ ಓರೆಯಾಗಿ ಏರುವ ಮರ. ಇಂತಹವು ನಾಲ್ಕು ಇರುತ್ತವೆ.
• ಕಿರು ಪಕ್ಕಾಸು: ಗೋಡೆ ಪಟ್ಟಿಯಿಂದ ಹೊರಟು ನೆತ್ತಿಯನ್ನು ಮುಟ್ಟದೆ ಮೂಲೆ ಪಕ್ಕಾಸಿಗೆ ಬಂದು ಸೇರುವ ಮರ.

ಲೆಕ್ಕಾಚಾರದ ತತ್ತ್ವ

ಈ ಛಾವಣಿಯ ಎಲ್ಲ ಅಳತೆಗಳೂ ಲಂಬಕೋನ ತ್ರಿಭುಜದ ಗುಣಗಳಿಂದ ದೊರೆಯುತ್ತವೆ. ಪಕ್ಕಾಸು ಸಮತಲದಲ್ಲಿ ಕ್ರಮಿಸುವ ದೂರವನ್ನು ಹರವು ಎಂದೂ ಲಂಬವಾಗಿ ಏರುವ ಎತ್ತರವನ್ನು ಏರಿಕೆ ಎಂದೂ ಕರೆದರೆ, ಪಕ್ಕಾಸು ಆ ತ್ರಿಭುಜದ ವಿಕರ್ಣವಾಗುತ್ತದೆ. ಪೈಥಾಗೊರಸ್ ಪ್ರಮೇಯದಂತೆ,

ಪಕ್ಕಾಸಿನ ಉದ್ದ = √(ಹರವು² + ಏರಿಕೆ²)

ಮುಂದಿನ ಉದಾಹರಣೆಗಳಲ್ಲಿ ಗೋಡೆ ಪಟ್ಟಿಗಳ ಹೊರ ಅಂಚಿನಿಂದ ಅಳೆದಾಗ 12 ಮೀ. ಉದ್ದ, 8 ಮೀ. ಅಗಲವಿರುವ ಕಟ್ಟಡವನ್ನು ತೆಗೆದುಕೊಳ್ಳಲಾಗಿದೆ. ನಾಲ್ಕೂ ಇಳಿಜಾರುಗಳು ಸಮಾನವಾಗಿದ್ದು, ಪ್ರತಿ 4 ಮೀ. ಹರವಿಗೆ 3 ಮೀ. ಏರಿಕೆಯಿದೆ. ಇದು ಸುಮಾರು 36.87° ಇಳಿಜಾರು. ಲೆಕ್ಕ ಸರಳವಾಗಲೆಂದು ಈ ಪ್ರಮಾಣವನ್ನು ಆರಿಸಲಾಗಿದೆ; ಬೇರೆ ಇಳಿಜಾರಿಗೂ ವಿಧಾನ ಇದೇ.

ನೆತ್ತಿಯ ಉದ್ದ

ಇಳಿಜಾರುಗಳು ಸಮಾನವಾಗಿದ್ದಾಗ ಮೇಲಿನಿಂದ ನೋಡಿದರೆ ಮೂಲೆ ಪಕ್ಕಾಸು ಎರಡೂ ಗೋಡೆಗಳೊಂದಿಗೆ 45° ಕೋನ ಮಾಡುತ್ತದೆ. ಆದ್ದರಿಂದ ನೆತ್ತಿಯು ಪ್ರತಿ ತುದಿಯ ಗೋಡೆಯಿಂದ ಅಗಲದ ಅರ್ಧದಷ್ಟು ಒಳಗೆ ಆರಂಭವಾಗುತ್ತದೆ. ಎರಡು ತುದಿಗಳ ಅರ್ಧಗಳು ಸೇರಿ ಪೂರ್ಣ ಅಗಲವಾಗುವುದರಿಂದ,

ನೆತ್ತಿಯ ಉದ್ದ = ಕಟ್ಟಡದ ಉದ್ದ − ಕಟ್ಟಡದ ಅಗಲ

ಉದಾಹರಣೆಯಲ್ಲಿ 12 − 8 = 4 ಮೀ. ಛಾವಣಿ ಎಷ್ಟು ಕಡಿದಾಗಿದೆ ಎಂಬುದು ಈ ಉದ್ದದ ಮೇಲೆ ಪರಿಣಾಮ ಬೀರುವುದಿಲ್ಲ. ಎಲ್ಲ ಬದಿಗಳಲ್ಲಿ ಸೂರನ್ನು ಸಮನಾಗಿ ಚಾಚಿದರೂ ಉದ್ದ, ಅಗಲಗಳೆರಡೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ನೆತ್ತಿ ಬದಲಾಗದು.

ಇದು ಮಧ್ಯರೇಖೆಗಳ ಲೆಕ್ಕ. ನೆತ್ತಿಯ ತುದಿಯಲ್ಲಿ ಎರಡು ಬದಿಯ ಸಾಮಾನ್ಯ ಪಕ್ಕಾಸುಗಳು ಎದುರುಬದುರಾಗಿ ನಿಂತು, ತುದಿಯ ಗೋಡೆಯಿಂದ ಬರುವ ಸಾಮಾನ್ಯ ಪಕ್ಕಾಸು ಹಲಗೆಯ ಕೊನೆಗೆ ತಾಗುವ ಜೋಡಣೆಯಲ್ಲಿ, ಹಲಗೆಯು ಪ್ರತಿ ತುದಿಯಲ್ಲಿ ಪಕ್ಕಾಸಿನ ಅರ್ಧ ದಪ್ಪದಷ್ಟು ಮುಂದೆ ಚಾಚಬೇಕು. ಪಕ್ಕಾಸು 50 ಮಿ.ಮೀ. ದಪ್ಪವಿದ್ದರೆ ಹಲಗೆಯನ್ನು 4,050 ಮಿ.ಮೀ. ಉದ್ದಕ್ಕೆ ಕತ್ತರಿಸಲಾಗುತ್ತದೆ.

ಸಾಮಾನ್ಯ ಪಕ್ಕಾಸು

ಸಾಮಾನ್ಯ ಪಕ್ಕಾಸಿನ ಹರವು ಅಗಲದ ಅರ್ಧ, ಅಂದರೆ 4 ಮೀ.; ಏರಿಕೆ 3 ಮೀ. ಆದ್ದರಿಂದ ಅದರ ಉದ್ದ √(16 + 9) = 5 ಮೀ. ಹರವಿನ ಪ್ರತಿ ಮೀಟರಿಗೆ 1.25 ಮೀ. ಮರ ಬೇಕೆಂದಾಯಿತು. ಈ 1.25 ಎಂಬ ಗುಣಕವು ಮುಂದಿನ ಹಲವು ಲೆಕ್ಕಗಳಲ್ಲಿ ಬಳಕೆಯಾಗುತ್ತದೆ.

ಪಕ್ಕಾಸುಗಳ ನಡುವಿನ ಅಂತರ 500 ಮಿ.ಮೀ. ಇದ್ದರೆ 4 ಮೀ. ನೆತ್ತಿಯಲ್ಲಿ 8 ಅಂತರಗಳಾಗಿ ಒಂದು ಬದಿಗೆ 9 ಪಕ್ಕಾಸುಗಳು ಬರುತ್ತವೆ. ಎರಡು ಬದಿಗೆ 18, ಎರಡು ತುದಿಗಳ ನಡುವಿನಲ್ಲಿ ಒಂದೊಂದು ಸೇರಿ ಒಟ್ಟು 20.

ಮೂಲೆ ಪಕ್ಕಾಸು

ಮೂಲೆ ಪಕ್ಕಾಸಿನ ಹರವು 4 ಮೀ. ಬಾಹುವಿನ ಚೌಕದ ಕರ್ಣ: 4 × √2 = 5.657 ಮೀ. ಏರಿಕೆ ಮಾತ್ರ ಅದೇ 3 ಮೀ. ಆದ್ದರಿಂದ,

ಮೂಲೆ ಪಕ್ಕಾಸಿನ ಉದ್ದ = √(4² + 4² + 3²) = √41 = 6.403 ಮೀ.

ಅದೇ ಎತ್ತರವನ್ನು ಹೆಚ್ಚು ದೂರದಲ್ಲಿ ಏರುವುದರಿಂದ ಮೂಲೆ ಪಕ್ಕಾಸು ಸಾಮಾನ್ಯ ಪಕ್ಕಾಸಿಗಿಂತ ಕಡಿಮೆ ಕಡಿದಾಗಿರುತ್ತದೆ. ಇಲ್ಲಿ ಅದರ ಇಳಿಜಾರು ಸುಮಾರು 27.94°. ಅಡಿ ಮತ್ತು ಅಂಗುಲಗಳಲ್ಲಿ ಮೂಲೆಮಟ್ಟ ಬಳಸುವವರು ಸಾಮಾನ್ಯ ಪಕ್ಕಾಸಿಗೆ 12 ಅಂಗುಲ ಹರವನ್ನು ಹಿಡಿದರೆ ಮೂಲೆ ಪಕ್ಕಾಸಿಗೆ 17 ಅಂಗುಲ ಹಿಡಿಯುತ್ತಾರೆ. 12 × √2 = 16.97 ಆಗಿರುವುದೇ ಇದಕ್ಕೆ ಕಾರಣ. ಈ ಉದಾಹರಣೆಯ ಇಳಿಜಾರಿನಲ್ಲಿ ಎರಡಕ್ಕೂ ಏರಿಕೆ 9 ಅಂಗುಲ.

ಎರಡು ಇಳಿಜಾರುಗಳು ಸೇರುವ ಏಣಿನಲ್ಲಿರುವುದರಿಂದ ಮೂಲೆ ಪಕ್ಕಾಸಿನ ಚಪ್ಪಟೆ ಮೇಲ್ಮೈಯ ಎರಡು ಅಂಚುಗಳು ಇಳಿಜಾರಿನ ಮಟ್ಟಕ್ಕಿಂತ ಮೇಲೆ ನಿಂತು ರೀಪುಗಳನ್ನು ಎತ್ತಿಬಿಡುತ್ತವೆ. ಇದನ್ನು ಎರಡು ರೀತಿಯಲ್ಲಿ ಸರಿಪಡಿಸಬಹುದು. ಒಂದು, ಮೇಲ್ಮೈಯನ್ನು ನಡುವಿನಿಂದ ಎರಡೂ ಕಡೆಗೆ ಓರೆಯಾಗಿ ಹೆರೆಯುವುದು. ಇಲ್ಲಿ ಆ ಓರೆ ಸುಮಾರು 25.1°. ಇನ್ನೊಂದು, ಗೋಡೆ ಪಟ್ಟಿಯ ಮೇಲೆ ಕೂರುವ ಕಚ್ಚನ್ನು ಆಳಗೊಳಿಸಿ ಇಡೀ ಮರವನ್ನು ಕೆಳಗಿಳಿಸುವುದು, 50 ಮಿ.ಮೀ. ದಪ್ಪದ ಮರಕ್ಕೆ ಸುಮಾರು 13 ಮಿ.ಮೀ. ಇಳಿಸಿದರೆ ಸಾಕಾಗುತ್ತದೆ.

ಕಿರು ಪಕ್ಕಾಸು

ಕಿರು ಪಕ್ಕಾಸುಗಳ ಇಳಿಜಾರು ಸಾಮಾನ್ಯ ಪಕ್ಕಾಸಿನಷ್ಟೇ ಇರುತ್ತದೆ. ಉದ್ದ ಮಾತ್ರ ಮೂಲೆಯತ್ತ ಸಾಗಿದಂತೆ ಸಮಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಮೂಲೆ ಪಕ್ಕಾಸು 45° ಕೋನದಲ್ಲಿರುವ ಕಾರಣ, ಮೂಲೆಯಿಂದ ಎಷ್ಟು ದೂರದಲ್ಲಿ ಕಿರು ಪಕ್ಕಾಸು ನಿಂತಿದೆಯೋ ಅದರ ಹರವೂ ಅಷ್ಟೇ. ಹೀಗಾಗಿ ಅಕ್ಕಪಕ್ಕದ ಎರಡು ಕಿರು ಪಕ್ಕಾಸುಗಳ ಉದ್ದದ ವ್ಯತ್ಯಾಸ,

ವ್ಯತ್ಯಾಸ = ಅಂತರ × 1.25 = 500 × 1.25 = 625 ಮಿ.ಮೀ.

ಮೂಲೆಯಿಂದ ಎಣಿಸಿದರೆ ಉದ್ದಗಳು ಕ್ರಮವಾಗಿ 625, 1,250, 1,875, 2,500, 3,125, 3,750 ಮತ್ತು 4,375 ಮಿ.ಮೀ. ಮುಂದಿನದು 5,000 ಮಿ.ಮೀ.; ಅದೇ ಸಾಮಾನ್ಯ ಪಕ್ಕಾಸು. ಪ್ರತಿ ಮೂಲೆ ಪಕ್ಕಾಸಿನ ಎರಡೂ ಮಗ್ಗುಲಲ್ಲಿ 7ರಂತೆ, ನಾಲ್ಕು ಮೂಲೆಗಳಿಗೆ ಒಟ್ಟು 56 ಕಿರು ಪಕ್ಕಾಸುಗಳು ಬೇಕು. ಪ್ರತಿ ಅಳತೆಯ 8 ಮರಗಳಲ್ಲಿ 4 ಎಡಕ್ಕೂ 4 ಬಲಕ್ಕೂ ಓರೆಯಾಗಿ ಕತ್ತರಿಸಿದವು ಆಗಿರಬೇಕು. ಮರದ ಮೇಲ್ಮೈಯಲ್ಲಿ ಗುರುತಿಸುವ ಈ ಓರೆ 45° ಅಲ್ಲ. ಇಳಿಜಾರಿನ ಮೇಲೆ ಕಿರು ಪಕ್ಕಾಸು ಮತ್ತು ಮೂಲೆ ಪಕ್ಕಾಸುಗಳ ನಡುವಿನ ಕೋನ 4 ಮತ್ತು 5ರ ಅನುಪಾತದಿಂದ ನಿರ್ಧಾರವಾಗುತ್ತದೆ. ಅದು ಸುಮಾರು 38.66°.

ದಪ್ಪಕ್ಕಾಗಿ ಕಡಿತ

ಮೇಲಿನ ಉದ್ದಗಳೆಲ್ಲ ಮಧ್ಯರೇಖೆಯಿಂದ ಮಧ್ಯರೇಖೆಗೆ ಅಳೆದವು. ಮರಗಳಿಗೆ ದಪ್ಪವಿರುವುದರಿಂದ ಕತ್ತರಿಸುವ ಮುನ್ನ ಸ್ವಲ್ಪ ಕಳೆಯಬೇಕಾಗುತ್ತದೆ. ಕಡಿತವನ್ನು ಮೊದಲು ಸಮತಲದಲ್ಲಿ ಲೆಕ್ಕಹಾಕಿ, ನಂತರ ಇಳಿಜಾರಿನ ಉದ್ದಕ್ಕೆ ಪರಿವರ್ತಿಸಲಾಗುತ್ತದೆ. ನೆತ್ತಿ ಹಲಗೆ 40 ಮಿ.ಮೀ., ಎಲ್ಲ ಪಕ್ಕಾಸುಗಳು 50 ಮಿ.ಮೀ. ದಪ್ಪವಿದ್ದಾಗ:

• ಬದಿಯ ಸಾಮಾನ್ಯ ಪಕ್ಕಾಸು: ಹಲಗೆಯ ಅರ್ಧ ದಪ್ಪ 20 ಮಿ.ಮೀ.; ಇಳಿಜಾರಿನಲ್ಲಿ 25 ಮಿ.ಮೀ.
• ತುದಿಯ ಸಾಮಾನ್ಯ ಪಕ್ಕಾಸು: ಬದಿಯ ಪಕ್ಕಾಸಿನ ಅರ್ಧ ದಪ್ಪ 25 ಮಿ.ಮೀ.; ಇಳಿಜಾರಿನಲ್ಲಿ ಸುಮಾರು 31 ಮಿ.ಮೀ.
• ಮೂಲೆ ಪಕ್ಕಾಸು: ಸಾಮಾನ್ಯ ಪಕ್ಕಾಸನ್ನು 45° ಓರೆಯಲ್ಲಿ ಅಳೆದ ದಪ್ಪದ ಅರ್ಧ, ಸುಮಾರು 35 ಮಿ.ಮೀ.; ಇಳಿಜಾರಿನಲ್ಲಿ 40 ಮಿ.ಮೀ.
• ಕಿರು ಪಕ್ಕಾಸು: ಮೂಲೆ ಪಕ್ಕಾಸಿನ ಓರೆ ದಪ್ಪದ ಅರ್ಧ, ಸುಮಾರು 35 ಮಿ.ಮೀ.; ಇಳಿಜಾರಿನಲ್ಲಿ ಸುಮಾರು 44 ಮಿ.ಮೀ.

ಸೂರಿನ ಚಾಚು

ಗೋಡೆಯಿಂದ ಹೊರಗೆ ಸಮತಲದಲ್ಲಿ 600 ಮಿ.ಮೀ. ಸೂರು ಬೇಕಿದ್ದರೆ ಸಾಮಾನ್ಯ ಮತ್ತು ಕಿರು ಪಕ್ಕಾಸುಗಳಿಗೆ 600 × 1.25 = 750 ಮಿ.ಮೀ. ಸೇರಿಸಬೇಕು. ಮೂಲೆ ಪಕ್ಕಾಸಿಗೆ ಇದೇ ಪ್ರಮಾಣ ಸಾಲದು. ಅದಕ್ಕೆ 600 × 6.403 ÷ 4 = 960 ಮಿ.ಮೀ. ಬೇಕು. ದಪ್ಪದ ಕಡಿತವನ್ನೂ ಕಳೆದರೆ ಬದಿಯ ಸಾಮಾನ್ಯ ಪಕ್ಕಾಸು 5,725 ಮಿ.ಮೀ., ಮೂಲೆ ಪಕ್ಕಾಸು 7,323 ಮಿ.ಮೀ. ಆಗುತ್ತದೆ. ಓರೆಯಾಗಿ ಕತ್ತರಿಸಲು ಬೇಕಾಗುವ ಹೆಚ್ಚುವರಿ ಉದ್ದವನ್ನು ಮರ ಕೊಳ್ಳುವಾಗ ಇದಕ್ಕೆ ಸೇರಿಸಿಕೊಳ್ಳಬೇಕು.

ವಿಸ್ತೀರ್ಣ ಮತ್ತು ತಾಳೆ ನೋಡುವ ಕ್ರಮ

ಎಲ್ಲ ಇಳಿಜಾರುಗಳು ಸಮಾನವಾಗಿದ್ದರೆ ಛಾವಣಿಯ ವಿಸ್ತೀರ್ಣವು ನೆಲದ ವಿಸ್ತೀರ್ಣವನ್ನು ಅದೇ ಗುಣಕದಿಂದ ಗುಣಿಸಿದಷ್ಟು: 12 × 8 × 1.25 = 120 ಚದರ ಮೀಟರ್. ಸೂರು ಸೇರಿದರೆ 13.2 × 9.2 × 1.25 = 151.8 ಚದರ ಮೀಟರ್. ಹಿಪ್ ಛಾವಣಿಗೂ ಅದೇ ಇಳಿಜಾರಿನ ಎರಡು ಬದಿಯ ಛಾವಣಿಗೂ ನೆಲದ ಮೇಲಿನ ವ್ಯಾಪ್ತಿ ಒಂದೇ ಆಗಿದ್ದರೆ ವಿಸ್ತೀರ್ಣವೂ ಒಂದೇ ಆಗಿರುತ್ತದೆ. ನೆತ್ತಿ ಹೆಂಚು ಮಾತ್ರ ಹೆಚ್ಚು ಬೇಕು: ನೆತ್ತಿಗೆ 4 ಮೀ., ನಾಲ್ಕು ಮೂಲೆ ಏಣುಗಳಿಗೆ ಸೂರಿನವರೆಗೆ ತಲಾ 7.363 ಮೀ., ಒಟ್ಟು ಸುಮಾರು 33.5 ಮೀ.

ಪಕ್ಕಾಸುಗಳ ಎಣಿಕೆ ಸರಿಯೇ ಎಂದು ತಿಳಿಯಲು ಈ ವಿಸ್ತೀರ್ಣವೇ ನೆರವಾಗುತ್ತದೆ. ಅಂತರವು ಅಳತೆಗಳನ್ನು ಶೇಷವಿಲ್ಲದೆ ಭಾಗಿಸುವಾಗ, ಸಾಮಾನ್ಯ ಮತ್ತು ಕಿರು ಪಕ್ಕಾಸುಗಳ ಒಟ್ಟು ಉದ್ದವನ್ನು ಅಂತರದಿಂದ ಗುಣಿಸಿದರೆ ಛಾವಣಿಯ ವಿಸ್ತೀರ್ಣ ಬರಬೇಕು. ಸೂರನ್ನು ಬಿಟ್ಟರೆ 20 ಸಾಮಾನ್ಯ ಪಕ್ಕಾಸುಗಳಿಗೆ 100 ಮೀ., 56 ಕಿರು ಪಕ್ಕಾಸುಗಳಿಗೆ 140 ಮೀ., ಒಟ್ಟು 240 ಮೀ. ಇದನ್ನು 0.5ರಿಂದ ಗುಣಿಸಿದರೆ 120 ಚದರ ಮೀಟರ್. ಉತ್ತರ ಹೊಂದದಿದ್ದರೆ ಎಣಿಕೆಯಲ್ಲೋ ಉದ್ದದಲ್ಲೋ ತಪ್ಪಿದೆ ಎಂದರ್ಥ.

ಅಸಮಾನ ಇಳಿಜಾರು

ತುದಿಯ ಇಳಿಜಾರು ಬದಿಯ ಇಳಿಜಾರಿಗಿಂತ ಹೆಚ್ಚು ಕಡಿದಾಗಿದ್ದರೆ ನೆತ್ತಿ ಉದ್ದವಾಗುತ್ತದೆ. ಆಗ ಉದ್ದದಿಂದ ಅಗಲವನ್ನು ಕಳೆಯುವ ಸೂತ್ರ ಅನ್ವಯಿಸುವುದಿಲ್ಲ. ಬದಲಾಗಿ,

ನೆತ್ತಿಯ ಉದ್ದ = ಕಟ್ಟಡದ ಉದ್ದ − 2 × ತುದಿಯ ಹರವು

ತುದಿಯ ಇಳಿಜಾರು 45° ಇದ್ದರೆ 3 ಮೀ. ಏರಿಕೆಗೆ ತುದಿಯ ಹರವು 3 ಮೀ. ಮಾತ್ರ; ನೆತ್ತಿ 12 − 6 = 6 ಮೀ. ಮೂಲೆ ಪಕ್ಕಾಸಿನ ಉದ್ದ √(3² + 4² + 3²) = 5.831 ಮೀ. ಇಂತಹ ಛಾವಣಿಯಲ್ಲಿ ಮೂಲೆ ಪಕ್ಕಾಸು 45° ದಿಕ್ಕಿನಲ್ಲಿ ಸಾಗುವುದಿಲ್ಲ, ಅದರ ಎರಡು ಮಗ್ಗುಲಿನ ಕಿರು ಪಕ್ಕಾಸುಗಳ ಅಳತೆಗಳೂ ಬೇರೆಬೇರೆ. ಸೂರನ್ನು ಎಲ್ಲ ಕಡೆ ಸಮನಾಗಿ ಚಾಚಿದರೆ ಕಡಿದಾದ ಬದಿಯ ಸೂರು ಹೆಚ್ಚು ಕೆಳಗಿಳಿಯುತ್ತದೆ.

ಭಾರ ಮತ್ತು ತಳ್ಳಿಕೆ

ಅಳತೆ ಸರಿಯಿದ್ದ ಮಾತ್ರಕ್ಕೆ ಛಾವಣಿ ಸುಭದ್ರವಾಗುವುದಿಲ್ಲ. ಕಿರು ಪಕ್ಕಾಸುಗಳು ತಮ್ಮ ಭಾರದ ಪಾಲನ್ನು ಮೂಲೆ ಪಕ್ಕಾಸಿಗೆ ವರ್ಗಾಯಿಸುತ್ತವೆ. ನೆತ್ತಿಯತ್ತ ಹೋದಂತೆ ಅವು ಉದ್ದವಾಗುವುದರಿಂದ ಮೂಲೆ ಪಕ್ಕಾಸಿನ ಮೇಲ್ಭಾಗದಲ್ಲಿ ಭಾರ ಹೆಚ್ಚು. ಈ ಕಾರಣದಿಂದ ಅದಕ್ಕೆ ಇತರ ಪಕ್ಕಾಸುಗಳಿಗಿಂತ ದೊಡ್ಡ ಮರವನ್ನು ಬಳಸುತ್ತಾರೆ. ಹರವು ದೊಡ್ಡದಿದ್ದರೆ ಕೆಳಗಿನಿಂದ ಆಧಾರವನ್ನೂ ಕೊಡುತ್ತಾರೆ.

ನೆತ್ತಿ ಹಲಗೆಯು ಪಕ್ಕಾಸುಗಳನ್ನು ಜೋಡಿಸುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಹೀಗಾಗಿ ಪಕ್ಕಾಸುಗಳು ಗೋಡೆಗಳನ್ನು ಹೊರಕ್ಕೆ ತಳ್ಳುತ್ತವೆ. ಎದುರುಬದುರು ಗೋಡೆಗಳನ್ನು ಬಿಗಿಯುವ ಅಡ್ಡತೊಲೆಗಳು ಬದಿಯ ತಳ್ಳಿಕೆಯನ್ನು ತಡೆಯುತ್ತವೆ. ಆದರೆ ತುದಿಯ ಗೋಡೆಗೆ ಸಮಾನಾಂತರವಾಗಿರುವ ಅದೇ ತೊಲೆಗಳು ತುದಿಯ ತಳ್ಳಿಕೆಯನ್ನು ತಡೆಯಲಾರವು. ಮೂಲೆಗಳಲ್ಲಿ ಗೋಡೆ ಪಟ್ಟಿಗಳ ಜೋಡಣೆ ದುರ್ಬಲವಾಗಿದ್ದರೆ ಮೂಲೆ ಪಕ್ಕಾಸು ಅವನ್ನು ಬಿಚ್ಚಿಕೊಳ್ಳುವಂತೆ ಮಾಡಿ, ಗೋಡೆಯ ಮೂಲೆಯಲ್ಲಿ ಬಿರುಕು ಮೂಡಬಹುದು. ಇದನ್ನು ತಪ್ಪಿಸಲು ಮೂಲೆಯಲ್ಲಿ ಎರಡು ಪಟ್ಟಿಗಳನ್ನು ಓರೆಯಾಗಿ ಬಿಗಿಯುವ ಮರವನ್ನು ಜೋಡಿಸಲಾಗುತ್ತದೆ. ಭಾರತದಲ್ಲಿ ಛಾವಣಿಯ ಮೇಲಿನ ಭಾರಗಳನ್ನು ಭಾರತೀಯ ಮಾನಕ 875ರ ಪ್ರಕಾರವೂ ಮರದ ಗಾತ್ರವನ್ನು ಭಾರತೀಯ ಮಾನಕ 883ರ ಪ್ರಕಾರವೂ ನಿರ್ಧರಿಸಲಾಗುತ್ತದೆ.

ಸಾಮಾನ್ಯ ದೋಷಗಳು

ಗೋಡೆಗಳು ಲಂಬಕೋನದಲ್ಲಿ ಇಲ್ಲದಿರುವುದು ಅತ್ಯಂತ ದುಬಾರಿಯಾದ ದೋಷ. ಆಗ ನಾಲ್ಕು ಮೂಲೆ ಪಕ್ಕಾಸುಗಳ ಉದ್ದ ಒಂದೇ ಆಗಿರದು, ಒಂದು ಮೂಲೆಗೆ ಕತ್ತರಿಸಿದ ಮರಗಳು ಇನ್ನೊಂದಕ್ಕೆ ಹೊಂದವು. ಆದ್ದರಿಂದ ಮರ ಕತ್ತರಿಸುವ ಮುನ್ನ ಗೋಡೆ ಪಟ್ಟಿಗಳ ಎರಡೂ ಕರ್ಣಗಳನ್ನು ಅಳೆಯಬೇಕು. 12 × 8 ಮೀ. ಕಟ್ಟಡದಲ್ಲಿ ಎರಡೂ 14.422 ಮೀ. ಇರಬೇಕು. ಗೋಡೆಯ ಒಳ ಅಳತೆಯನ್ನು ಹಿಡಿದು ಲೆಕ್ಕ ಮಾಡುವುದು, ಮೂಲೆ ಪಕ್ಕಾಸಿನ ಸೂರಿಗೆ ಸಾಮಾನ್ಯ ಪಕ್ಕಾಸಿನ ಚಾಚನ್ನೇ ಕೊಡುವುದು, ದಪ್ಪದ ಕಡಿತವನ್ನು ಮರೆಯುವುದು ಇತರ ದೋಷಗಳು. ಕಡಿತವನ್ನು ಮರೆತಾಗ ಮರ ಉದ್ದವಾಗಿ ಉಳಿಯುವುದರಿಂದ ಮತ್ತೆ ಕತ್ತರಿಸಿ ಸರಿಪಡಿಸಬಹುದು; ಮೊದಲಿನ ಎರಡರಲ್ಲಿ ಮರ ಗಿಡ್ಡವಾಗುವುದರಿಂದ ಅದು ಆ ಸ್ಥಾನಕ್ಕೆ ಉಪಯೋಗವಾಗುವುದಿಲ್ಲ. ಅನುಭವಿ ಬಡಗಿಗಳು ಪ್ರತಿ ಬಗೆಯ ಮರದಲ್ಲಿ ಒಂದನ್ನು ಮಾತ್ರ ಮೊದಲು ಕತ್ತರಿಸಿ, ಸ್ಥಳದಲ್ಲಿ ಇಟ್ಟು ನೋಡಿ, ಅದನ್ನೇ ಮಾದರಿಯಾಗಿ ಬಳಸಿ ಉಳಿದವನ್ನು ಗುರುತಿಸುತ್ತಾರೆ.