ಗುಂಡುಸೂಜಿ ಕಲಿಸಿದ ಕಥೆಗಾರಿಕೆ

ನಾಟಕ ರಂಗಕ್ಕೆ ಬರುವ ಮೊದಲು ತಾಲೀಮು ನಡೆಯುತ್ತದೆ. ಅಲ್ಲಿ ನಟ ಎಡವಿದರೆ ನಷ್ಟವಿಲ್ಲ. ಮಾತು ಉದ್ದವಾಯಿತೆಂದು ಕಂಡರೆ ಮೊಟಕು ಮಾಡಬಹುದು. ದೃಶ್ಯ ಸೊರಗಿತೆಂದು ತೋರಿದರೆ ಅದನ್ನೇ ಕೈಬಿಡಬಹುದು. ಆದರೆ ನಟರೇ ಇಲ್ಲದ ನಾಟಕಕ್ಕೆ ತಾಲೀಮು ಮಾಡಿಸುವುದು ಹೇಗೆ? ಪೆನ್ಸಿಲಿನಿಂದಲೇ ಹುಟ್ಟಿ ಪೆನ್ಸಿಲಿನಿಂದಲೇ ನಡೆದಾಡುವ ಪಾತ್ರಗಳನ್ನು ಮೊದಲೇ ಪರೀಕ್ಷಿಸಿ ನೋಡುವುದೆಂತು? ಕಾರ್ಟೂನ್ ಚಲನಚಿತ್ರ ತಯಾರಿಸುವವರನ್ನು ಬಹುಕಾಲ ಕಾಡಿದ ಪ್ರಶ್ನೆ ಇದು. ಇದಕ್ಕೆ ಉತ್ತರ 1930ರ ದಶಕದ ಆರಂಭದಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿದ್ದ ವಾಲ್ಟ್ ಡಿಸ್ನಿಯ ಸ್ಟುಡಿಯೋದ ಗೋಡೆಯ ಮೇಲೆ ದೊರೆಯಿತು. ಕಾಗದದ ಹಾಳೆಗಳು, ಗುಂಡುಸೂಜಿಗಳು, ಒಂದು ಬೆಂಡಿನ ಹಲಗೆ: ಉತ್ತರದ ಸಾಮಗ್ರಿ ಇಷ್ಟೆ. ಅದರ ಹೆಸರು ಸ್ಟೋರಿಬೋರ್ಡ್. ನಮ್ಮ ಮಾತಿನಲ್ಲಿ ಕಥಾಫಲಕ ಎನ್ನೋಣ.

ಇಂದು ನಮ್ಮ ದೊಡ್ಡ ಊರುಗಳಲ್ಲಿ ಅನಿಮೇಷನ್ ಕಲಿಸುವ ಶಾಲೆಗಳಿವೆ. ಚಿತ್ರ ಬರೆಯುವ ಕೈಯುಳ್ಳ ಹುಡುಗ ಹುಡುಗಿಯರು ಅದನ್ನೇ ಜೀವನೋಪಾಯವಾಗಿ ಹಿಡಿಯುತ್ತಿದ್ದಾರೆ. ತಂದೆತಾಯಿಗಳು ‘ಇದರಲ್ಲಿ ಅನ್ನವುಂಟೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆ ತಪ್ಪಲ್ಲ. ಆದರೆ ಈ ವಿದ್ಯೆ ಹುಟ್ಟಿದ್ದು ಹೇಗೆ, ಅದರ ಮೊದಲ ವಿದ್ಯಾರ್ಥಿಗಳು ಕಲಿತದ್ದೇನು, ಕಲಿತುದಕ್ಕೆ ತೆತ್ತ ಬೆಲೆ ಯಾವುದು ಎಂಬುದನ್ನು ತಿಳಿದರೆ ಪ್ರಶ್ನೆಯನ್ನು ಇನ್ನೂ ಸರಿಯಾಗಿ ಕೇಳಬಹುದು.

ಮೊದಲು ಒಂದು ಸಣ್ಣ ಲೆಕ್ಕ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾಯುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಬಾರಿ ಕ್ಯಾಮರಾಕ್ಕೆ ಒಡ್ಡಿದರೂ ಸೆಕೆಂಡಿಗೆ 12 ಚಿತ್ರ ಬೇಕು, ನಿಮಿಷಕ್ಕೆ 720. ಇದು ಒಂದು ಪಾತ್ರದ ಲೆಕ್ಕ. ಎರಡನೆಯ ಪಾತ್ರ ಬಂದಿತೋ, ಕೆಲಸವೂ ಇಮ್ಮಡಿ. ನಟರನ್ನಿಟ್ಟು ಚಿತ್ರ ತೆಗೆಯುವವನು ಬೇಕಾದುದಕ್ಕಿಂತ ಹೆಚ್ಚು ತೆಗೆದು, ಬೇಡವಾದುದನ್ನು ಆಮೇಲೆ ಕತ್ತರಿಸಿ ಎಸೆಯಬಲ್ಲ. ಕಾರ್ಟೂನಿನವನಿಗೆ ಆ ಐಶ್ವರ್ಯವಿಲ್ಲ. ಅವನು ಕತ್ತರಿಸಿ ಎಸೆಯುವ ಒಂದು ನಿಮಿಷವೆಂದರೆ ಯಾರೋ ವಾರಗಟ್ಟಲೆ ಬಗ್ಗಿ ಕುಳಿತು ಬರೆದ ನೂರಾರು ಹಾಳೆಗಳು. ಆದ್ದರಿಂದ ಕತ್ತರಿ ಆಡಬೇಕಾದದ್ದು ಕೆಲಸ ಮುಗಿದ ಮೇಲಲ್ಲ, ಕೆಲಸ ಆರಂಭವಾಗುವ ಮೊದಲು.

ಚಿತ್ರಗಳಲ್ಲಿ ಕಥೆಯನ್ನು ಮೊದಲೇ ಬರೆದಿಟ್ಟುಕೊಳ್ಳುವ ಅಭ್ಯಾಸ ಅದಕ್ಕೂ ಹಿಂದೆ ಇಲ್ಲದಿರಲಿಲ್ಲ. 1928ರಲ್ಲಿ ಮಿಕ್ಕಿ ಇಲಿಯನ್ನು ಲೋಕಪ್ರಸಿದ್ಧವಾಗಿಸಿದ ‘ಸ್ಟೀಮ್‌ಬೋಟ್ ವಿಲ್ಲಿ’ಗೆ ಅಬ್ ಐವರ್ಕ್ಸ್ ಅಂಥ ಹಾಳೆಗಳನ್ನು ಸಿದ್ಧಮಾಡಿದ್ದ, ಚಿತ್ರಗಳ ಜೊತೆಗೆ ಬೆರಳಚ್ಚಿನ ವಿವರಣೆ. ಆದರೆ ಒಂದೇ ಹಾಳೆಯಲ್ಲಿ ಹಲವು ಚಿತ್ರಗಳಿದ್ದರೆ ಅವುಗಳಲ್ಲಿ ಒಂದನ್ನು ಮಾತ್ರ ತೆಗೆದುಹಾಕುವುದು ಕಷ್ಟ. ಈ ಕಟ್ಟನ್ನು ಬಿಚ್ಚಿದವನು ಕಥಾವಿಭಾಗದಲ್ಲಿದ್ದ ವೆಬ್ ಸ್ಮಿತ್ ಎಂದು ಡಿಸ್ನಿಯೇ ಹೇಳಿದ್ದುಂಟು. ಸ್ಮಿತ್ ಒಂದು ಹಾಳೆಗೆ ಒಂದೇ ಚಿತ್ರ ಬರೆಯುತ್ತಿದ್ದ. ಬರೆದುದನ್ನು ನೆಲದ ಮೇಲೆ ಹರಡುವ ಬದಲು ಕೋಣೆಯ ಗೋಡೆಗೆ ಸಾಲಾಗಿ ಚುಚ್ಚತೊಡಗಿದ. ಹೊಸದಾಗಿ ಬಣ್ಣ ಕಂಡ ಗೋಡೆಗೆ ತೂತು ಬಿದ್ದುದನ್ನು ನೋಡಿ ಡಿಸ್ನಿ ಸಿಡಿಮಿಡಿಗೊಂಡನೆಂದೂ, ಆದರೆ ಕಥೆಯೆಲ್ಲ ಒಂದೇ ನೋಟಕ್ಕೆ ಕಾಣುವುದನ್ನು ಗಮನಿಸಿ ಬೆಂಡಿನ ಹಲಗೆಗಳನ್ನು ತರಿಸಿದನೆಂದೂ ಹೇಳುತ್ತಾರೆ. 1933ರಲ್ಲಿ ಬಂದ ‘ಮೂರು ಹಂದಿಮರಿಗಳು’ ಹೀಗೆ ಪೂರ್ತಿಯಾಗಿ ಫಲಕದ ಮೇಲೆ ಕಟ್ಟಿದ ಮೊದಲ ಚಿತ್ರಗಳಲ್ಲಿ ಒಂದು. ನೋಡಲು ಒಂದೇ ತರಹದ ಮೂರು ಮರಿಗಳು. ನಡತೆಯಲ್ಲಿ ಮಾತ್ರ ಬೇರೆ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ತೋಳಕ್ಕೆ ಹೆದರದ ಅದರ ಹಾಡು ಅಮೆರಿಕದ ಮನೆಮಾತಾಯಿತು.

ಗುಂಡುಸೂಜಿಯ ಮಹಿಮೆ ಏನೆಂದು ಯೋಚಿಸಿದರೆ ಸ್ವಾರಸ್ಯವಾಗಿದೆ. ಅಂಟಿಸಿದ್ದನ್ನು ಕೀಳಲು ಕಾಗದ ಹರಿಯಬೇಕು. ಸೂಜಿಯಿಂದ ಚುಚ್ಚಿದ್ದನ್ನು ಕೀಳಲು ಎರಡು ಬೆರಳು ಸಾಕು. ಚಿತ್ರಗಳನ್ನು ಹಿಂದುಮುಂದು ಮಾಡಬಹುದು. ನಡುವೆ ಹೊಸದನ್ನು ಸೇರಿಸಬಹುದು. ಹತ್ತು ಜನ ಎದುರು ನಿಂತು ಚರ್ಚಿಸಬಹುದು. ಕಥೆಯನ್ನು ಬಲ್ಲವನು ಕೋಲು ಹಿಡಿದು, ಒಂದೊಂದು ಚಿತ್ರವನ್ನು ಮುಟ್ಟಿ, ಪಾತ್ರಗಳ ದನಿಯಲ್ಲಿ ಮಾತಾಡಿ ಅಭಿನಯಿಸಿ ತೋರಿಸುತ್ತಿದ್ದ. ಕೇಳಿದವರ ಮಾತನ್ನು ಶೀಘ್ರಲಿಪಿಕಾರರು ಬರೆದುಕೊಳ್ಳುತ್ತಿದ್ದರು. ಮುಂದೆ ಫಲಕದ ಚಿತ್ರಗಳನ್ನೇ ಕ್ಯಾಮರಾದಲ್ಲಿ ಹಿಡಿದು, ಧ್ವನಿಯೊಡನೆ ಹೊಂದಿಸಿ ಓಡಿಸಿ ನೋಡುವ ಪದ್ಧತಿಯೂ ಬಂದಿತು. ನಟರಿಲ್ಲದ ನಾಟಕಕ್ಕೆ ತಾಲೀಮು ದೊರಕಿದ್ದು ಹೀಗೆ.

ಫಲಕವೇನೋ ಸಿದ್ಧವಾಯಿತು, ಅದರ ಮೇಲೆ ಬರೆಯಬಲ್ಲವರು ಎಲ್ಲಿದ್ದರು? ಈ ಕಲೆಗೆ ಆಗ ಶಾಲೆಯಿರಲಿಲ್ಲ. ಡಿಸ್ನಿ ಮೊದಮೊದಲು ತನ್ನ ಚಿತ್ರಕಾರರನ್ನು ಲಾಸ್ ಏಂಜಲೀಸಿನ ಶುನಾರ್ಡ್ ಕಲಾಶಾಲೆಯ ಸಂಜೆಯ ತರಗತಿಗೆ ತಾನೇ ಕಾರಿನಲ್ಲಿ ಕರೆದೊಯ್ಯುತ್ತಿದ್ದ. 1932ರಲ್ಲಿ ಆರ್ಟ್ ಬ್ಯಾಬಿಟ್ ಎಂಬ ಕಲಾವಿದ ಸಹೋದ್ಯೋಗಿಗಳನ್ನು ತನ್ನ ಮನೆಗೆ ಕರೆದು, ರೂಪದರ್ಶಿಯನ್ನು ಎದುರಿಗಿಟ್ಟುಕೊಂಡು ಬರೆಯುವ ಅಭ್ಯಾಸ ಆರಂಭಿಸಿದ. ಸುದ್ದಿ ಡಿಸ್ನಿಗೆ ಮುಟ್ಟಿತು. ಮನೆಯ ಪಾಠ ಸ್ಟುಡಿಯೋಕ್ಕೆ ಬಂದಿತು. ಅದೇ ವರ್ಷ ನವೆಂಬರ್ 15ರಂದು ಶುನಾರ್ಡಿನ ಅಧ್ಯಾಪಕ ಡಾನ್ ಗ್ರಹಾಂ ಅಲ್ಲಿ ಮೊದಲ ತರಗತಿ ತೆಗೆದುಕೊಂಡ. 1935ರ ಡಿಸೆಂಬರಿನಲ್ಲಿ ಡಿಸ್ನಿ ಗ್ರಹಾಂನಿಗೆ ಎಂಟು ಪುಟಗಳ ಒಂದು ಪತ್ರ ಬರೆಸಿ, ಕಲಾವಿದರಿಗೆ ಯಾವ ಯಾವ ಶಿಕ್ಷಣ ಬೇಕೆಂಬುದನ್ನು ವಿವರಿಸಿದ. ಚೆನ್ನಾಗಿ ಬರೆಯುವ ಕೈಯೊಂದೇ ಸಾಲದು. ದೇಹ ಚಲಿಸುವ ರೀತಿಯ ತಿಳಿವಳಿಕೆ ಬೇಕು, ಅಭಿನಯದ ಅರಿವು ಬೇಕು, ನಗೆಯ ಮರ್ಮ ಗೊತ್ತಿರಬೇಕು ಎಂಬುದು ಅದರ ಸಾರ. ವಿದ್ಯಾರ್ಥಿಗಳು ಮೃಗಾಲಯಕ್ಕೆ ಹೋಗಿ ಪ್ರಾಣಿಗಳನ್ನು ಬರೆದರು. ‘ಬ್ಯಾಂಬಿ’ಯ ಕಾಲಕ್ಕೆ ಜಿಂಕೆಮರಿಗಳೇ ಸ್ಟುಡಿಯೋಕ್ಕೆ ಬಂದುವು.

ಆದರೆ ಇವೆಲ್ಲಕ್ಕಿಂತ ಕಠಿಣವಾದ ಪಾಠವೊಂದಿತ್ತು. ಅದನ್ನು ಕಲಿಸಿದ್ದು ಫಲಕವೇ. ತಾನು ಪ್ರೀತಿಯಿಂದ ಬರೆದ ಚಿತ್ರವನ್ನು ಇನ್ನೊಬ್ಬರು ಕಿತ್ತುಹಾಕುವಾಗ ಎದುರಿಗೆ ನಿಂತು ನೋಡುವ ಪಾಠ ಅದು. 1934ರ ಒಂದು ಸಂಜೆ ಡಿಸ್ನಿ ತನ್ನ ಕಲಾವಿದರನ್ನು ಕೂಡಿಸಿ, ಸ್ನೋವೈಟ್‌ಳ ಕಥೆಯನ್ನು ಎಲ್ಲ ಪಾತ್ರಗಳನ್ನೂ ತಾನೇ ಅಭಿನಯಿಸಿ ಹೇಳಿದ. 1937ರ ಡಿಸೆಂಬರ್ 21ರಂದು ಆ ಚಿತ್ರ ತೆರೆ ಕಂಡಿತು. ನಡುವಿನ ಮೂರು ವರ್ಷಗಳಲ್ಲಿ ಒಪ್ಪಿಗೆಯಾದ ಒಂದೊಂದು ನಗೆಯ ಸನ್ನಿವೇಶಕ್ಕೂ ಐದು ಡಾಲರ್ ಇನಾಮು ಕೊಡುತ್ತಿದ್ದರು. ಕುಳ್ಳರ ಮೂಗುಗಳು ಮಂಚದ ಪಟ್ಟಿಯ ಮೇಲೆ ಒಂದೊಂದಾಗಿ ಇಣುಕುವ ಸನ್ನಿವೇಶಕ್ಕೆ ತರುಣ ವಾರ್ಡ್ ಕಿಂಬಾಲ್ ಆ ಇನಾಮನ್ನು ಪಡೆದ. ಅದೇ ಕಿಂಬಾಲ್ ತಿಂಗಳುಗಟ್ಟಲೆ ದುಡಿದು, ಕುಳ್ಳರು ಸೂಪು ಹೀರುವ ಒಂದು ಪ್ರಸಂಗವನ್ನು ಪೂರ್ತಿ ಚಲಿಸುವಂತೆ ಬರೆದಿದ್ದ. ನೋಡಿದವರೆಲ್ಲ ನಕ್ಕರು. ಆದರೂ ಡಿಸ್ನಿ ಅದನ್ನು ಚಿತ್ರದಿಂದ ತೆಗೆದುಬಿಟ್ಟ. ಪ್ರಸಂಗ ಕೆಟ್ಟದ್ದಲ್ಲ, ಕಥೆ ಅಲ್ಲಿ ನಿಂತುಹೋಗುತ್ತಿತ್ತು, ಅಷ್ಟೆ. ಕಿಂಬಾಲ್ ಕೆಲಸ ಬಿಡಬೇಕೆಂದಿದ್ದ. ಡಿಸ್ನಿ ಸಮಾಧಾನ ಹೇಳಿ ‘ಪಿನೋಕಿಯೋ’ ಚಿತ್ರದ ಮಿಡತೆಯ ಪಾತ್ರವನ್ನು ಅವನ ಕೈಗೊಪ್ಪಿಸಿದ.

ಈ ಉದ್ಯೋಗಕ್ಕೆ ಪ್ರವೇಶ ಹೇಗೆ ದೊರೆಯುತ್ತಿತ್ತೆಂಬುದಕ್ಕೆ ಬಿಲ್ ಪೀಟನ ವೃತ್ತಾಂತ ಒಳ್ಳೆಯ ಉದಾಹರಣೆ. 1915ರಲ್ಲಿ ಇಂಡಿಯಾನಾ ಪ್ರಾಂತದಲ್ಲಿ ಹುಟ್ಟಿದ ಪೀಟ್ ಅಲ್ಲಿಯ ಕಲಾಶಾಲೆಯಲ್ಲಿ ಓದಿ 1937ರಲ್ಲಿ ಡಿಸ್ನಿಯ ಸ್ಟುಡಿಯೋ ಸೇರಿದ. ಹೊಸಬರಿಗೆಲ್ಲ ಕೊಡುತ್ತಿದ್ದ ಕೆಲಸವೇ ಅವನಿಗೂ ಸಿಕ್ಕಿತು. ಹಿರಿಯ ಕಲಾವಿದ ಒಂದು ಚಲನೆಯ ಮುಖ್ಯ ಭಂಗಿಗಳನ್ನು ಬರೆದುಕೊಟ್ಟರೆ, ಅವುಗಳ ನಡುವಿನ ಚಿತ್ರಗಳನ್ನು ತುಂಬುವುದು. ಬಾತುಕೋಳಿ ಡೊನಾಲ್ಡನನ್ನು ದಿನವೆಲ್ಲ ಬರೆದು ಬರೆದು ಪೀಟನ ತಾಳ್ಮೆ ಮುಗಿಯಿತು. ಒಂದು ದಿನ ಇನ್ನು ಬಾತುಕೋಳಿ ಬರೆಯಲಾರೆನೆಂದು ಕೂಗಿ ಹೊರಗೆ ನಡೆದುಬಿಟ್ಟ. ಮರುದಿನ ಬಿಟ್ಟುಹೋದ ಕೋಟನ್ನು ತೆಗೆದುಕೊಳ್ಳಲು ಬಂದಾಗ ಅವನಿಗೊಂದು ಲಕೋಟೆ ಕಾದಿತ್ತು. ಕೆಲಸದಿಂದ ತೆಗೆದಿದ್ದಾರೆಂದೇ ಒಡೆದು ನೋಡಿದರೆ, ಕಥಾವಿಭಾಗಕ್ಕೆ ಬಡ್ತಿ! ‘ಪಿನೋಕಿಯೋ’ಗಾಗಿ ಬಿಡುವಿನಲ್ಲಿ ಬರೆದು ಕಳುಹಿಸಿದ್ದ ವಿಚಿತ್ರ ರಾಕ್ಷಸರ ಚಿತ್ರಗಳು ಮೇಲಿನವರ ಕಣ್ಣಿಗೆ ಬಿದ್ದಿದ್ದುವು. ಹೇಳಿದ ಕೆಲಸವನ್ನಷ್ಟೇ ಮಾಡಿದ್ದರೆ ಪೀಟ್ ಬಹುಶಃ ಬಾತುಕೋಳಿಯೊಡನೆಯೇ ಇರುತ್ತಿದ್ದ. ಹೇಳದೆ ಮಾಡಿದ ಕೆಲಸ ಅವನನ್ನು ಕಥೆಗಾರನನ್ನಾಗಿ ಮಾಡಿತು.

ಆದರೆ ಆ ಚಿತ್ರ 1940ರಲ್ಲಿ ತೆರೆ ಕಂಡಾಗ ದುಡಿದವರ ಹೆಸರುಗಳ ಪಟ್ಟಿಯಲ್ಲಿ ಪೀಟನ ಹೆಸರು ಇರಲಿಲ್ಲ. ಇದು ಅವನೊಬ್ಬನ ಪಾಡಲ್ಲ. ಫಲಕದ ಗುಣವೇ ಅದು: ಎಲ್ಲರೂ ಚುಚ್ಚುತ್ತಾರೆ, ಎಲ್ಲರೂ ಕೀಳುತ್ತಾರೆ, ಕೊನೆಗೆ ಯಾವುದು ಯಾರದೆಂದು ಗೋಡೆ ಹೇಳದು. ಆ ಕಾಲದ ಕಿರುಚಿತ್ರಗಳಲ್ಲಂತೂ ಕಲಾವಿದರ ಹೆಸರೇ ಕಾಣದು. ಡಿಸ್ನಿಯ ಹೆಸರೊಂದೇ ಸಾಕೆಂದು ತಿಳಿದಿದ್ದರು.

ಹೆಂಗಸರಿಗೆ ಈ ಬಾಗಿಲು ಇನ್ನೂ ಕಿರಿದಾಗಿತ್ತು. 1938ರಲ್ಲಿ ಕೆಲಸ ಕೇಳಿದ ತರುಣಿಯೊಬ್ಬಳಿಗೆ ಸ್ಟುಡಿಯೋದಿಂದ ಹೋದ ಉತ್ತರ ಇಂದೂ ಉಳಿದಿದೆ. ಸೃಷ್ಟಿಯ ಕೆಲಸವೆಲ್ಲ ಯುವಕರದು. ಹೆಂಗಸರಿಗಿರುವುದು ಪಾರದರ್ಶಕ ಹಾಳೆಯ ಮೇಲೆ ಮಸಿಯಿಂದ ಗೆರೆ ತಿದ್ದಿ, ಬಣ್ಣ ತುಂಬುವ ಕೆಲಸವೊಂದೇ ಎಂದು ಅದರ ಅರ್ಥ. ಆದರೂ 1935ರಲ್ಲಿಯೇ ಬಿಯಾಂಕಾ ಮೆಜೋಲಿ ಕಥಾವಿಭಾಗವನ್ನು ಸೇರಿದ ಮೊದಲ ಮಹಿಳೆಯಾಗಿದ್ದಳು. 1938ರಲ್ಲಿ ಅದೇ ವಿಭಾಗಕ್ಕೆ ಬಂದ ರೆಟಾ ಸ್ಕಾಟ್ ‘ಬ್ಯಾಂಬಿ’ಯ ಫಲಕಕ್ಕೆ ಬೇಟೆನಾಯಿಗಳ ಹಿಂಡನ್ನು ಬರೆದಳು. ಆ ನಾಯಿಗಳ ಉಗ್ರತೆಯನ್ನು ಕಂಡವರು ಅವುಗಳಿಗೆ ಚಲನೆ ಕೊಡುವ ಕೆಲಸವನ್ನೂ ಅವಳಿಗೇ ಬಿಡಬೇಕಾಯಿತು. 1942ರಲ್ಲಿ ಡಿಸ್ನಿ ಚಿತ್ರವೊಂದರಲ್ಲಿ ಅನಿಮೇಟರ್ ಎಂದು ಹೆಸರು ಪಡೆದ ಮೊದಲ ಮಹಿಳೆ ಆಕೆ. ಕಾಗದದಲ್ಲಿ ಮುಚ್ಚಿದ್ದ ಬಾಗಿಲನ್ನು ಫಲಕದ ಮೇಲಿನ ಚಿತ್ರ ತೆರೆಸಿತು.

ಹೆಸರು ಮತ್ತು ಕೂಲಿಯ ಅಸಮಾಧಾನ 1941ರಲ್ಲಿ ಸ್ಫೋಟಿಸಿತು. ಮೇ 28ರಂದು ಡಿಸ್ನಿಯ ಕಲಾವಿದರು ಮುಷ್ಕರ ಹೂಡಿದರು. ಅವರ ಮುಂದಾಳುಗಳಲ್ಲಿ ಪ್ರಮುಖ ಯಾರು ಗೊತ್ತೆ? ಒಂಬತ್ತು ವರ್ಷಗಳ ಹಿಂದೆ ತನ್ನ ಮನೆಯಲ್ಲಿ ಚಿತ್ರಾಭ್ಯಾಸ ಆರಂಭಿಸಿದ್ದ ಆರ್ಟ್ ಬ್ಯಾಬಿಟ್. ‘ಸ್ನೋವೈಟ್’ನ ದುಷ್ಟರಾಣಿಗೆ ಚಲನೆ ಕೊಟ್ಟ, ಒಳ್ಳೆಯ ಸಂಬಳ ಪಡೆಯುತ್ತಿದ್ದ ಬ್ಯಾಬಿಟ್ ಕಡಿಮೆ ಸಂಬಳದವರ ಪರವಾಗಿ ನಿಂತು ಕೆಲಸ ಕಳೆದುಕೊಂಡ. ಕೊನೆಗೆ ಕಾರ್ಮಿಕ ಸಂಘಕ್ಕೆ ಮನ್ನಣೆ ದೊರೆಯಿತು. ಆದರೆ ಹಳೆಯ ಸ್ನೇಹ ಮರಳಿ ಬರಲಿಲ್ಲ. ಅನೇಕ ಕಲಾವಿದರು ಬೇರೆ ದಾರಿ ಹಿಡಿದರು. ಒಟ್ಟಿಗೆ ಕಲಿತವರು ಗೇಟಿನ ಎರಡು ಬದಿಗಳಲ್ಲಿ ನಿಂತ ಆ ದಿನಗಳನ್ನು ಬಿಟ್ಟು ಈ ವಿದ್ಯೆಯ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಪೀಟ್ ಸ್ಟುಡಿಯೋದಲ್ಲಿ ಉಳಿದ. 1961ರ ‘101 ಡಾಲ್ಮೇಷನ್ಸ್’ ಚಿತ್ರದ ಕಥೆಯನ್ನು ಅವನೊಬ್ಬನೇ ಫಲಕದ ಮೇಲೆ ಕಟ್ಟಿದ. ಡಿಸ್ನಿಯ ಪೂರ್ಣಾವಧಿ ಕಾರ್ಟೂನುಗಳಲ್ಲಿ ಅದುವರೆಗೆ ಅಂಥದು ನಡೆದಿರಲಿಲ್ಲ. 1964ರಲ್ಲಿ ‘ಜಂಗಲ್ ಬುಕ್’ನ ಕಥೆಯ ವಿಚಾರದಲ್ಲಿ ಡಿಸ್ನಿಯೊಡನೆ ಮನಸ್ತಾಪವಾಗಿ ಹೊರಬಂದ. ಮುಂದೆ ಮಕ್ಕಳಿಗಾಗಿ ತಾನೇ ಕಥೆ ಬರೆದು ತಾನೇ ಚಿತ್ರ ಬರೆದ ಪುಸ್ತಕಗಳಿಂದ ಹೆಸರಾದ. ಅವುಗಳ ರಕ್ಷಾಪುಟದ ಮೇಲಿನ ಹೆಸರನ್ನು ಯಾರೂ ಕೀಳುವಂತಿರಲಿಲ್ಲ.

ಈ ವಿದ್ಯೆಯ ಒಂದು ಕವಲು ನಮ್ಮ ದೇಶಕ್ಕೂ ಹರಿಯಿತು. ಭಾರತದಲ್ಲೇ ಹುಟ್ಟಿ, ಡಿಸ್ನಿಯ ಸ್ಟುಡಿಯೋದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್, ಅಮೆರಿಕದ ತಾಂತ್ರಿಕ ಸಹಕಾರ ಯೋಜನೆಯ ಮೂಲಕ 1956ರಲ್ಲಿ ಮುಂಬಯಿಗೆ ಬಂದ. ಅಂದಿನ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗದ ತರುಣರಿಗೆ ಪಾಠ ಹೇಳಿದ. ಗುರುಶಿಷ್ಯರು ಕೂಡಿ ಮಾಡಿದ ‘ದಿ ಬ್ಯಾನಿಯನ್ ಡೀರ್’ 1957ರಲ್ಲಿ ಹೊರಬಂದಿತು. ಕಥೆ ನಮ್ಮದೇ: ನ್ಯಗ್ರೋಧಮೃಗ ಜಾತಕ. ಗಬ್ಬದ ಜಿಂಕೆಯೊಂದರ ಸರದಿ ಬಂದಾಗ ಅದರ ಬದಲು ತನ್ನ ಕೊರಳನ್ನೇ ಒಡ್ಡುವ ಮೃಗರಾಜನ ಕಥೆ. ವಿದ್ಯೆ ಅಮೆರಿಕದ್ದಾದರೂ ಜಿಂಕೆ ಜಾತಕದ್ದು. ರಸಾಯನಶಾಸ್ತ್ರದ ವ್ಯಾಸಂಗವನ್ನು ಬಿಟ್ಟು ಆ ವಿಭಾಗಕ್ಕೆ ಬಂದಿದ್ದ ರಾಮ್ ಮೋಹನ್ ಅಲ್ಲಿಯ ಶಿಷ್ಯರಲ್ಲಿ ಒಬ್ಬರು. ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ಯಲ್ಲಿರುವ ಕಾರ್ಟೂನ್ ಭಾಗ ಅವರದು. 1992ರಲ್ಲಿ ಜಪಾನೀಯರೊಡನೆ ಕೂಡಿ ಮಾಡಿದ ರಾಮಾಯಣದ ಚಿತ್ರದ ನಿರ್ದೇಶಕರಲ್ಲಿ ಅವರೂ ಒಬ್ಬರು. 2014ರಲ್ಲಿ ಪದ್ಮಶ್ರೀ ಪಡೆದ ಅವರು 2019ರಲ್ಲಿ ತೀರಿಕೊಂಡರು.

ಈಗ ಬೆಂಡಿನ ಹಲಗೆಯ ಜಾಗಕ್ಕೆ ಕಂಪ್ಯೂಟರಿನ ಪರದೆ ಬಂದಿದೆ. ಚಿತ್ರವನ್ನು ತೆಗೆದುಹಾಕಲು ಬೆರಳಿನ ಒಂದು ತಟ್ಟು ಸಾಕು, ಸೂಜಿಯೂ ಬೇಡ. ಆದರೆ ಕೇಳುವ ಪ್ರಶ್ನೆಗಳು ಬದಲಾಗಿಲ್ಲ. ಇದಕ್ಕೆ ಮುಂಚೆ ಏನಾಯಿತು? ಮುಂದೆ ಏನಾಗಬೇಕು? ಈ ಚಿತ್ರವನ್ನು ತೆಗೆದರೆ ಕಥೆಗೆ ಊನವಾದೀತೆ? ಇವುಗಳಿಗೆ ಉತ್ತರ ಕೊಡಬಲ್ಲವನು, ಗೆರೆ ಸ್ವಲ್ಪ ಒರಟಾಗಿದ್ದರೂ, ಈ ಉದ್ಯೋಗದಲ್ಲಿ ನಿಲ್ಲುತ್ತಾನೆ. ಅಂದವಾದ ಗೆರೆಯೊಂದನ್ನೇ ನೆಚ್ಚಿದವನು ನಡುಚಿತ್ರ ತುಂಬುತ್ತ ಉಳಿಯಬಹುದು.

ಅನ್ನವುಂಟೆ ಎಂಬ ಪ್ರಶ್ನೆಗೆ ಚರಿತ್ರೆ ಉಂಟೆಂದೇ ಹೇಳುತ್ತದೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮಗ ಅಥವಾ ಮಗಳು ಈ ವಿದ್ಯೆ ಕಲಿಯುತ್ತೇನೆಂದಾಗ ಹಿರಿಯರು ಇನ್ನೂ ಎರಡು ಮಾತು ಕೇಳಬೇಕು: ‘ಬರೆದುದನ್ನು ಕಥೆಗಾಗಿ ಬಿಟ್ಟುಕೊಡುವ ಮನಸ್ಸು ನಿನಗಿದೆಯೆ? ದುಡಿದುದಕ್ಕೆ ಕೂಲಿಯನ್ನೂ ಹೆಸರನ್ನೂ ಕೇಳುವ ಧೈರ್ಯವಿದೆಯೆ?’ ಮೊದಲನೆಯದನ್ನು ಕಿಂಬಾಲ್ ಕಲಿತ. ಎರಡನೆಯದಕ್ಕಾಗಿ ಬ್ಯಾಬಿಟ್ ಕೆಲಸ ಕಳೆದುಕೊಂಡ. ಎರಡೂ ಈ ವಿದ್ಯೆಯ ಪಾಠಗಳೇ.